ಎರಡು ಕಣ್ಣಿನ ಸಿನಿಮಾ

ಗೋಕಾಕದ ನಮ್ಮ ಟಾಕೀಸಿನ ಬಾಗಲದಾಗ ನಿಂತು ತ್ರೀಡಿ ಚಷ್ಮಾ ಹಂಚಾಕ ಹತ್ತಿ ಏಳು ವರ್ಷ ಆತು. ಏನೂ ಗಮ್ಮತ್ತು ಆಗದ ವಾರ ಅಂತ ಒಂದೂ ನೆನಪಿಲ್ಲ. ಮಂದಿ ಸಿನಿಮಾ ನೋಡಾಕ ಬರ್ತಾರ, ನಾ ಮಂದೀನ್ನ ನೋಡ್ತೇನಿ. ಖರೆ ಕೇಳಿದ್ರ ನಂದ ಹೆಚ್ಚಿನ ಮಜಾ.

ಅದಕ್ಕೂ ಮೊದಲ ನಾ ಟಾಕೀಸಿನ ಗಾಡಿ ಸ್ಟ್ಯಾಂಡಿನ್ಯಾಗ ಇದ್ದೆ. ಒಂದು ಬೈಕ್ ಹಿಂದ ಸರಸಾಕ ಹೋಗಿ ಸಾಲಾಗಿ ಹನ್ನೊಂದು ಬೈಕ್ ಕೆಡವಿದೆ. ಅದೂ ಎರಡು ಸಲ. ಮಾಲಕರು, "ನಿನ್ನ ಕೈಗಿಂತ ಬಾಯಿ ಚಲೋ ಓಡತೈತಿ, ಒಳಗ ಬಾ" ಅಂತ ಚಷ್ಮಾದ ಪೆಟಗಿ ಕೊಟ್ಟರು. ಆದರ ಒಂದು ಕರಾರು ಹಾಕಿದರು. "ತ್ರೀಡಿ ಏನೂ ಕಾಣಲಿಲ್ಲ ಅಂತ ಒಬ್ಬಾಂವ ನನ್ನ ಮುಂದ ಬಂದು ನಿಂತರೂ ಸಾಕು, ನೀ ಮತ್ತ ಸ್ಟ್ಯಾಂಡಿಗೆ." ಆ ಬಿಸಲಾಗ ಮತ್ತ ಹೋಗಿ ನಿಲ್ಲೂದು ಯಾರಿಗೆ ಬೇಕರಿ?

ಅದಕ್ಕ ನಾ ಆಪರೇಟರ್‌ನ ಹಿಂದ ಬಿದ್ದು ಎಲ್ಲಾ ಕಲತೆ. ಚಷ್ಮಾ ಕೊಡೂ ಮುಂದ ಒಂದು ಭಾಷಣ ಇದ್ದ ಇರತಿತ್ತು. "ಎರಡು ಕಣ್ಣು ಎರಡು ಕಡೆಯಿಂದ ನೋಡ್ತಾವ್ರಿ. ತಲಿ ಆ ಎರಡೂ ನೋಟ ಕೂಡಿಸಿ, ಇದು ಹತ್ತಿರ, ಅದು ದೂರ ಅಂತ ತಿಳಕೋತೈತಿ. ಪರದೇ ಮ್ಯಾಲೂ ಎರಡು ಚಿತ್ರ ಇರ್ತಾವ. ಈ ಚಷ್ಮಾ ಒಂದನ್ನ ಎಡಗಣ್ಣಿಗೆ, ಒಂದನ್ನ ಬಲಗಣ್ಣಿಗೆ ಹಂಚತೈತಿ. ಕೂಡಿಸೂದು ನಿಮ್ಮ ತಲಿ ಕೆಲಸ!"

ಮಾಸ್ತರ ಮಂದೀನೂ ನಿಂತು ಕೇಳ್ತಿದ್ದರು. ನಾನೂ ಸಿನಿಮಾ ನೋಡ್ತಿದ್ದೆ, ಚಲೋ ಇರ್ತಿದ್ದವು. ಆದರ ಮಂದಿ ಚೀರೂದು, ಬಗ್ಗೂದು ತುಸು ಅತೀ ಅನಸ್ತಿತ್ತು. ನಮ್ಮ ಕಡೆ ಮಂದಿಗೆ ನಾಟಕದ ಹುಚ್ಚು, ಮಾಡಲಿ ಬಿಡು ಅಂತ ಸುಮ್ಮನಿದ್ದೆ.

ಮೂಗುದಾರ

ಮಮದಾಪುರದ ರೈತ ಕಾಕಾ ಒಬ್ಬ ಬಂದಿದ್ದ. ಪರದೇ ಒಳಗಿಂದ ಒಂದು ಹೋರಿ ಕೊಂಬು ತಗ್ಗಿಸಿ ಓಡಿ ಬಂತು. ಎಲ್ಲಾರೂ "ಯವ್ವಾ!" ಅಂತ ಕುರ್ಚಿ ಕೆಳಗ ಬಗ್ಗಿದರು. ಕಾಕಾ ಮಾತ್ರ ಎದ್ದು ನಿಂತ. ಹುಟ್ಟಿದಾಗಿಂದ ಎತ್ತು ಕಟ್ಟಿದ ಕೈ, ಹೋರಿಗೆ ಅಂಜಿ ಬಗ್ಗೂದಂದ್ರ ಅವಂಗ ಅವಮಾನ. "ಹೋ ಹೋ ಹೋ, ನಿಂದರಲೇ!" ಅಂದವನೇ ಹೋರಿ ಮೂಗುದಾರಕ್ಕ ಕೈ ಹಾಕಿ ಜಗ್ಗಿದ.

ಕೈಗೆ ಸಿಕ್ಕದ್ದು ಮುಂದಿನ ಸಾಲಿನ ಅರಿವಿ ಅಂಗಡಿ ಸಾಹೇಬರ ಕೊರಳಾಗಿನ ಟಾವೆಲ್ಲು.

"ಕಾಕಾ, ಬಿಡ್ರಿ! ನಾ ಹೋರಿ ಅಲ್ರಿ!" ಅಂತ ಸಾಹೇಬರು ಒದ್ದಾಡಿದರು.

ಕಾಕಾ ಚಷ್ಮಾ ತಗದು ಅವರನ್ನ ಮ್ಯಾಲಿಂದ ಕೆಳಗಿನ ತನಕ ನೋಡಿದ. "ಅದಕ್ಕನ ಅಂದೆ. ಹೋರಿ ಇಷ್ಟು ಲಗೂ ಕೈಗೆ ಸಿಗೂದಿಲ್ಲ."

ಅಜ್ಜಿ ಚಷ್ಮಾ

ಮೂಡಲಗಿ ಅಜ್ಜಿ ಒಬ್ಬಾಕಿ ಕಣ್ಣಿನ ಪೊರಿ ತಗಸಿಕೊಂಡು, ಎಲ್ಲಾ ಆರಾಮ ಆದಮ್ಯಾಲ ಮೊಮ್ಮಕ್ಕಳ ಜೋಡಿ ಬಂದಿದ್ದಳು. ದವಾಖಾನಿ ಕಪ್ಪು ಚಷ್ಮಾ ಇನ್ನೂ ಚೀಲದಾಗ ಇತ್ತು. ಸಿನಿಮಾ ಮುಗದ ಮ್ಯಾಲ ಆ ಕಪ್ಪು ಚಷ್ಮಾ ನಮ್ಮ ಪೆಟಗಿಯಾಗ ಒಗದು, ನಮ್ಮದು ಹಾಕ್ಕೊಂಡು ಸೀದಾ ಮೂಡಲಗಿ ಬಸ್ ಹತ್ತಿದಳು.

ಮುಂದಿನ ಆಟದಾಗ ಅಜ್ಜಿ ಚಷ್ಮಾ ಸಿಕ್ಕದ್ದು ಒಬ್ಬ ಗಟ್ಟಿ ಗಂಟಲದ ಗಿರಾಕಿಗೆ. "ಏನ್ ಹಚ್ಚೀರಿ? ಬರೇ ಕತ್ತಲಿ ಐತಿ, ಏನೂ ಕಾಣವಲ್ದು!" ಅಂತ ಮಾಲಕರ ಖೋಲಿ ಕಡೆ ಹೊಂಟ. ಓಡಿ ಹೋಗಿ ಹಿಡದು, ಚಷ್ಮಾ ಬದಲಿ ಮಾಡಿ, ಚಹಾ ಕುಡಿಸಿ ಕುಂಡರಿಸಿದೆ.

ಎಂಟು ದಿನ ಬಿಟ್ಟು ಅಜ್ಜಿ ತಾನಾಗೇ ನಮ್ಮ ಚಷ್ಮಾ ತಂದಳು. "ಯಮ್ಮಾ, ಇದರಾಗ ಮನಿ ಹೆಂಗ ಕಾಣ್ತಿತ್ತು?" ಅಂತ ಕೇಳಿದೆ.

"ಎಲ್ಲಾ ಇದ್ದಂಗ ಇತ್ತಪಾ. ಸೊಸಿ ಒಬ್ಬಾಕಿ ಮೈಮ್ಯಾಲ ಬಂದಂಗ ಮಾಡ್ತಿದ್ದಳು. ಅದು ಚಷ್ಮಾ ಹಾಕೂಕಿಂತ ಮೊದಲೂ ಇತ್ತು."

ಅರ್ಧ ನಿಂದು, ಅರ್ಧ ನಂದು

ಹುಕ್ಕೇರಿಯಿಂದ ಗಂಡ ಹೆಂಡತಿ ಬಂದಿದ್ದರು. ಆವತ್ತು ಟಾಕೀಸು ತುಂಬಿತ್ತು, ಪೆಟಗಿಯಾಗ ಒಂದ ಚಷ್ಮಾ ಉಳದಿತ್ತು. ಅದನ್ನ ಅವರ ಕೈಯಾಗಿಟ್ಟು, ಭಾಷಣ ಮುಗಿಸಿ, ಇನ್ನೊಂದು ತರಾಕ ಮ್ಯಾಲ ಹೋದೆ. ಬರೂದ್ರಾಗ ಅವರು ಒಳಗ ಹೋಗಿ ಕುಂತುಬಿಟ್ಟಿದ್ದರು.

ಇಂಟರ್ವಲ್‌ದಾಗ ಇಬ್ಬರೂ ಹೊರಗ ಬಂದರು. ಇಬ್ಬರ ಕೈಯಾಗೂ ಅರ್ಧರ್ಧ ಚಷ್ಮಾ! ನಟ್ಟನಡುವ ಮುರದಿದ್ದರು.

"ಏನ್ರಿ ಅಕ್ಕಾರ ಇದು?" ಅಂದೆ.

"ನೀವ ಹೇಳಿದಿರಲ್ರಿ, ಒಂದೊಂದು ಗಾಜಿಗೆ ಒಂದೊಂದು ಚಿತ್ರ ಅಂತ. ಎಡಗಡೇದು ಅವರು ನೋಡಿದರು, ಬಲಗಡೇದು ನಾ ನೋಡಿದೆ. ಇಬ್ಬರಿಗೂ ತ್ರೀಡಿ ಏನೂ ಕಾಣಲಿಲ್ಲ."

"ಮೆಲ್ಲಕ ಮಾತಾಡ್ರಿ, ಮಾಲಕರು ಕೇಳ್ಯಾರು! ಎರಡೂ ಚಿತ್ರ ಒಂದ ತಲಿಯಾಗ ಕೂಡಬೇಕ್ರಿ."

ಆಕಿ ಗಂಡನ ಕಡೆ ಒಮ್ಮೆ ನೋಡಿದಳು. "ಲಗ್ನ ಆಗಿ ಹದಿನಾಲ್ಕು ವರ್ಷ ಆತ್ರಿ. ನಮ್ಮಿಬ್ಬರದು ಏನೂ ಕೂಡಿಲ್ಲ, ಇದು ಕೂಡತೈತೇನು?"

ನೊಣ

ಇಷ್ಟೆಲ್ಲಾ ಸಂಭಾಳಿಸಿದ ನಾನು ಮೊನ್ನೆ ಕೌಜಲಗಿಯಿಂದ ಬಂದ ಅಜ್ಜ ಒಬ್ಬನ ಕೈಯಾಗ ಸಿಕ್ಕೆ. ನಾ ಪೆಟಗಿ ಒರಸೂದ್ರಾಗ ಆ ಅಜ್ಜ ಸೀದಾ ಮಾಲಕರ ಮುಂದ ಹೋಗಿ ನಿಂತು, "ತ್ರೀಡಿ ಅಂತ್ರಿ, ನನಗೇನೂ ಕಾಣಲಿಲ್ಲ" ಅಂದುಬಿಟ್ಟ.

ಮಾಲಕರು ನನ್ನ ಕರದು ಗಾಡಿ ಸ್ಟ್ಯಾಂಡಿನ ಕಡೆ ಬೆರಳು ಮಾಡಿದರು.

ನಾ ಬಿಡ್ತೇನ? "ಮಾಲಕರ, ದೋಷ ಸಿನಿಮಾದ್ದಲ್ಲ, ಈ ಅಜ್ಜನ ಕಣ್ಣಿಂದು. ಈಗ ತೋರಸ್ತೇನಿ" ಅಂದೆ. ಬಾಜೂಕ ಚಷ್ಮಾದ ಅಂಗಡಿ ಐತಿ. ಅಲ್ಲಿ ಕಣ್ಣು ತಪಾಸಣಿ ಮಾಡೂ ಅಕ್ಕಾರನ್ನ ಕರಕೊಂಡು ಬಂದೆ. ಅವರು ಒಂದು ಪುಸ್ತಕ ತಂದರು. ಅದರಾಗ ಅಂಗೈಯಷ್ಟು ದೊಡ್ಡ ನೊಣದ ಚಿತ್ರ. ಅಜ್ಜಗ ಒಂದು ಚಷ್ಮಾ ಹಾಕಿ, "ನೊಣದ ರೆಕ್ಕಿ ಹಿಡೀರಿ" ಅಂದರು.

ಅಜ್ಜ ಹೌಹಾರಿ ಹಿಂದ ಸರದ. ಆಮ್ಯಾಲ ಬೆರಳು ಚಾಚಿ ಕಾಗದಕ್ಕಿಂತ ಎರಡು ಇಂಚು ಮ್ಯಾಲ ಗಾಳಿಯಾಗ ಚಿವುಟಿದ.

"ಎರಡೂ ಕಣ್ಣು ಭೇಷ್ ಅದಾವು" ಅಂದರು ಅಕ್ಕಾರು.

"ಮತ್ತ ಸಿನಿಮಾ ಯಾಕ ಕಾಣಲಿಲ್ಲೋ ಯಜ್ಜಾ?" ಅಂದೆ.

"ಒಳಗ ತಂಪಿತ್ತು. ಹೋದಾಂವನ ಮಲಕೊಂಡೆ. ಮಲಕೊಂಡಾವಂಗ ಏನ್ ಕಾಣತೈತಿ?"

ಗೆದ್ದೆ! ಎದಿ ಉಬ್ಬಿಸಿ ಅದ ಚಷ್ಮಾ ನಾ ಹಾಕ್ಕೊಂಡು, "ನೋಡ್ರಿ ಮಾಲಕರ, ರೆಕ್ಕಿ ಹಿಡಿಯೂದು ಹಿಂಗ" ಅಂತ ಕಾಗದದ ಮ್ಯಾಲ ಟಪ್ಪನ ಬೆರಳು ಊರಿದೆ.

ಅಜ್ಜ ಬಗ್ಗಿ ನನ್ನ ಬೆರಳು ನೋಡಿದ.

"ರೆಕ್ಕಿ ಎಲ್ಲೈತ್ರಿ ಅಣ್ಣಾರ?" ಅಂತ ಅಕ್ಕಾರು ಸಾವಕಾಶ ಕೇಳಿದರು.

"ಇಲ್ಲೇ, ಕಾಗದದ ಮ್ಯಾಲ. ಮತ್ತೆಲ್ಲಿರತೈತಿ?"

ಅವರು ನನ್ನ ಒಂದೊಂದ ಕಣ್ಣು ಮುಚ್ಚಿ, ಅಕ್ಷರ ಓದಿಸಿದರು. "ಎರಡೂ ಕಣ್ಣು ಕೂಡಿ ನೋಡಿದ್ರ ಆ ರೆಕ್ಕಿ ಕಾಗದದಿಂದ ಮ್ಯಾಲ ಎದ್ದು ಕಾಣತೈತ್ರಿ. ನಿಮ್ಮ ಎಡಗಣ್ಣು ಸಣ್ಣವರಿದ್ದಾಗಿಂದ ಮಂದ ಇರಬೇಕು. ಬಲಗಣ್ಣೊಂದೇ ಎಲ್ಲಾ ನೋಡಾಕತ್ತೈತಿ. ನಿಮಗ ತ್ರೀಡಿ ಒಮ್ಮೆಯೂ ಕಂಡಿರಾಕಿಲ್ಲ."

ಹಂಗಾರ ಆ ಮಂದಿ ಏಳು ವರ್ಷ ಬಗ್ಗಿದ್ದು, ಚೀರಿದ್ದು ನಾಟಕ ಅಲ್ಲ! ಖರೇನ ಏನರ ಬರ್ತಿತ್ತು! ನನಗೊಬ್ಬಗ ಬರ್ತಿದ್ದಿಲ್ಲ.

ಮಾಲಕರು ಕುರ್ಚಿಯಿಂದ ಎದ್ದರು. "ಏನೂ ಕಾಣಲಿಲ್ಲ ಅನ್ನಾಂವ ಒಬ್ಬ ಸಿಕ್ಕರ ಸ್ಟ್ಯಾಂಡಿಗೆ ಅಂದಿದ್ದೆ. ಸಿಕ್ಕ ನೋಡು."

ನಾ ತಲಿ ತಗ್ಗಿಸಿ ಪೆಟಗಿ ಕೆಳಗಿಟ್ಟೆ. ಆಗ ಕೌಜಲಗಿ ಅಜ್ಜ ಬಾಯಿ ಹಾಕಿದ. "ಸಾವಕಾರ್ರ, ಇಂವಗ ಹತ್ತಿರ ಯಾವುದು, ದೂರ ಯಾವುದು ಗೊತ್ತಾಗೂದಿಲ್ಲ. ಗಾಡಿ ಸರಸಾಕ ಹಚ್ತೀರೇನು? ನನ್ನ ಗಾಡಿನೂ ಅಲ್ಲೇ ಐತಿ."

ಮಾಲಕರಿಗೆ ಹನ್ನೊಂದು ಬೈಕ್ ನೆನಪಾಗಿರಬೇಕು. ತಾವ ಬಗ್ಗಿ ಪೆಟಗಿ ಎತ್ತಿ ಮತ್ತ ನನ್ನ ಕೈಯಾಗಿಟ್ಟರು.

ಸಂಜೀ ಆಟಕ್ಕ ಮತ್ತ ಬಾಗಲದಾಗ ನಿಂತೆ. ಮೊದಲ ಗಿರಾಕಿ ಚಷ್ಮಾ ತಿರುವ್ಯಾಡಿ ನೋಡಿ, "ಖರೇನ ಎದ್ದು ಬಂದಂಗ ಕಾಣತೈತೇನ್ರಿ?" ಅಂತ ಕೇಳಿದ.

"ಪೂರಾ ಗ್ಯಾರಂಟಿ! ಗೋಕಾಕದಾಗ ಯಾರನ್ನ ಬೇಕಾದ್ರೂ ಕೇಳ್ರಿ," ಅಂದೆ, "ನನ್ನೊಬ್ಬನ್ನ ಬಿಟ್ಟು."