ತೂಗುಸೇತುವೆಗೆ ಸೊಪ್ಪು ಹಾಕದ ಬೆನಿಗ್ನೊ

ಎಲ್ಲಕ್ಕೂ ಮೂಲ ಒಂದು ನಕ್ಷೆ.

ಜೂನ್ ತಿಂಗಳ ಆ ಶನಿವಾರ ಬೆಳಗ್ಗೆ ಬೆನಿಗ್ನೊ ಕಾಫಿ ಕುಡಿಯಲು ಹೋದಾಗ ಅದು ಬಾರಿನ ಬಾಗಿಲಿಗೆ ಅಂಟಿಕೊಂಡಿತ್ತು. ಓರ್ತಿಗ ಊರಿಗೆ ಬರುವ ಪ್ರವಾಸಿಗರಿಗೆಂದು ಹೊಸದಾಗಿ ಮಾಡಿಸಿದ ಬಣ್ಣದ ನಕ್ಷೆ. ಆ ದಿನವೇ ಉದ್ಘಾಟನೆಯಾಗಲಿದ್ದ ತೂಗುಸೇತುವೆಯನ್ನು ಅದರಲ್ಲಿ ಬೆರಳು ದಪ್ಪದ ಕೆಂಪು ಗೆರೆಯಲ್ಲಿ ಎಳೆದಿದ್ದರು. ಕಣಿವೆಯಾಚೆ ಹಿಮದ ಮಾತೆಯ ಪುಟ್ಟ ಇಗರ್ಜಿ ಇತ್ತು, ಅದರ ಮುಂದಿನ ಹುಲ್ಲುಗಾವಲಿತ್ತು, ನೀರಿನ ಬುಗ್ಗೆ ಇತ್ತು, ಕೊನೆಗೆ ಬಾರಿನ ಕಕ್ಕಸೂ ಇತ್ತು. ಇಲ್ಲದಿದ್ದುದು ಒಂದೇ. ಕಣಿವೆಗೆ ಇಳಿದು, ಹೊಳೆ ದಾಟಿ, ಆಚೆ ಹತ್ತುವ ಹಳೇ ಹೇಸರಗತ್ತೆ ದಾರಿ.

ಬೆನಿಗ್ನೊನ ಮೀಸೆ ಅದುರಿತು. ಇಪ್ಪತ್ತೆಂಟು ವರ್ಷ ಅವನು ಅದೇ ದಾರಿಯಲ್ಲಿ ಹೇಸರಗತ್ತೆಯ ಮೇಲೆ ಬ್ರೆಡ್ ಹೇರಿಕೊಂಡು ಆಚೆ ದಂಡೆಯ ಹಳ್ಳಿಗೆ ಹೋಗಿ ಬಂದವನು. ಹಳ್ಳಿ ಖಾಲಿಯಾಯಿತು, ಹೇಸರಗತ್ತೆ ಸತ್ತಿತು, ಬೇಕರಿಗೆ ಬೀಗ ಬಿತ್ತು. ಉಳಿದದ್ದು ದಾರಿಯೊಂದೇ.

"ಸಾತುರ್ನಿನೊ! ದಾರಿ ಎಲ್ಲಯ್ಯಾ?"

ಸಾತುರ್ನಿನೊ ಬಾರಿನ ಮಾಲೀಕ. ಊರಿನ ಮೇಯರೂ ಅವನೇ. ಲೋಟ ಒರೆಸುತ್ತಲೇ ಹೇಳಿದ: "ಯಾವುದು, ಆ ಕೊರಕಲಾ? ಅದ್ರಲ್ಲಿ ಈಗ ಯಾರು ಓಡಾಡ್ತಾರೆ ಮಾರಾಯ? ಹಾವುಗಳೂ ಬೇಜಾರಾಗಿ ಊರು ಬಿಟ್ಟು ಹೋಗಿವೆ. ಇನ್ಮೇಲೆ ಸೇತುವೆ ಇದೆಯಲ್ಲ. ಮೂರು ನಿಮಿಷಕ್ಕೆ ಆಚೆ!"

"ನಿನ್ನ ಸೇತುವೆ ಮೇಲೆ ನಾನು ಕಾಲಿಡಲ್ಲ. ಇದು ತತ್ವದ ಪ್ರಶ್ನೆ."

"ಏನು ತತ್ವ?" ಎಂದಳು ಪಕ್ಕದ ಮೇಜಿನಲ್ಲಿ ಕೂತಿದ್ದ ಬೆನಿಗ್ನೊನ ಹೆಂಡತಿ ಒಬ್ದುಲಿಯ. "ಬಲ್ಬು ಹಾಕಕ್ಕೆ ಕುರ್ಚಿ ಹತ್ತು ಅಂದ್ರೂ ಹತ್ತಲ್ಲ ಇವನು. ನಲವತ್ತು ವರ್ಷದಿಂದ ಮನೇಲಿ ಬಲ್ಬು ಹಾಕ್ತಿರೋಳು ನಾನು. ಅದೂ ತತ್ವಾನೇ ಇರಬೇಕು."

ಬಾರಿಗೆ ಬಾರೇ ನಕ್ಕಿತು. ಬೆನಿಗ್ನೊನ ಕಿವಿ ಕೆಂಡವಾಯಿತು. ಅವನು ಹೆದರುತ್ತಿದ್ದನೆಂಬುದು ನಿಜ. ಎಂಬತ್ತು ಮೀಟರ್ ಆಳದ ಮೇಲೆ ಬಟ್ಟೆ ಒಣಹಾಕುವ ಹಗ್ಗದಂತೆ ತೂಗಾಡುವ ಆ ಸೇತುವೆ ಕಿಟಕಿಯಿಂದ ಕಂಡರೂ ಅವನು ಪರದೆ ಎಳೆದುಬಿಡುತ್ತಿದ್ದ. ಆದರೆ ದಾರಿಯ ಮೇಲಿನ ಅಭಿಮಾನವೂ ಅಷ್ಟೇ ನಿಜ. ಒಬ್ಬ ಮನುಷ್ಯನಲ್ಲಿ ಎರಡೂ ಇರಬಾರದೆಂದು ಯಾವ ಕಾನೂನಿದೆ?

"ಕೇಳು ಬೆನಿಗ್ನೊ," ಎಂದ ಮೇಯರ್. "ಪ್ರಾಂತ್ಯದ ಕಚೇರಿಯಿಂದ ಅಧಿಕಾರಿ ಬರ್ತಾಳೆ. ಉದ್ಘಾಟನೆ ಆದ್ಮೇಲೆ ಎಲ್ಲರಿಗೂ ಆಚೆ ಹುಲ್ಲುಗಾವಲಲ್ಲಿ ಎರಡು ಗಂಟೆಗೆ ಊಟ. ಊಟ ಆದ ಕೂಡಲೇ ಅವಳು ನಕ್ಷೆಗೆ ಸಹಿ ಹಾಕ್ತಾಳೆ. ಎರಡರೊಳಗೆ ನೀನು ನಿನ್ನ ದಾರೀಲಿ ಅಲ್ಲಿಗೆ ಬಂದ್ರೆ ಸೇರಿಸೋಣ. ಬರದಿದ್ರೆ ದಾರಿ ಸತ್ತೋಯ್ತು, ಅದರ ಬಾಯಿಗೆ ಗೇಟು ಜಡೀತೀವಿ."

"ಜಡಿ ನೋಡೋಣ!" ಎಂದು ಬೆನಿಗ್ನೊ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಹನ್ನೊಂದಕ್ಕೆ ಅವನು ಟೋಪಿ, ಕೋಲು, ಚರ್ಮದ ವೈನ್ ಚೀಲದೊಂದಿಗೆ ಚೌಕ ದಾಟುತ್ತಿದ್ದ. ಎಡಬಲ ನೋಡದೆ, ಯುದ್ಧಕ್ಕೆ ಹೊರಟವನ ನಡಿಗೆ. ಅದೇ ಹೊತ್ತಿಗೆ ವಯ್ಯದೊಲಿದ್ ನಗರದಿಂದ ಒಂದು ಬಸ್ಸು ಬಂದು ನಿಂತು ನಿವೃತ್ತರ ನಡಿಗೆ ಸಂಘವೊಂದನ್ನು ಕೆಳಗಿಳಿಸಿತು. ಒಟ್ಟು ಇಪ್ಪತ್ತಮೂರು ಜನ. ಬಣ್ಣಬಣ್ಣದ ಟೋಪಿಗಳು, ಇಪ್ಪತ್ತಮೂರು ಜೊತೆ ಹೊಚ್ಚಹೊಸ ಬೂಟುಗಳು. ಅವರ ಮುಖಂಡ ಇಲಾರಿಯೊ ಎಂಬ ನಿವೃತ್ತ ಔಷಧಿ ಅಂಗಡಿಯವನು. ಬೆನಿಗ್ನೊನ ಕೋಲು, ಟೋಪಿ, ಮುಖದ ಗಂಟು ಎಲ್ಲವನ್ನೂ ಒಂದು ಸಲ ನೋಡಿ ಅವನು ತನ್ನವರಿಗೆ ಕೂಗಿದ: "ಬನ್ನಿ ಬನ್ನಿ, ಗೈಡು ಆಗಲೇ ಹೊರಟಿದ್ದಾರೆ!"

ಇಳಿಜಾರಿನ ಮೊದಲ ತಿರುವಿನಲ್ಲಿ ಹಿಂದೆ ಬೂಟಿನ ಸದ್ದು ಕೇಳಿ ಬೆನಿಗ್ನೊ ತಿರುಗಿದ. ದಾರಿಯ ತುಂಬ ಟೋಪಿಗಳು.

"ಎಲ್ಲಿಗ್ರೀ? ಸೇತುವೆ ಆ ಕಡೆ ಇದೆ! ಹೋಗಿ, ಹೋಗಿ!"

"ಎಷ್ಟು ತಮಾಷೆ ಮಾಡ್ತಾರೆ ನೋಡಿ," ಎಂದು ಇಲಾರಿಯೊ ಹಿಂದಿನವರಿಗೆ ಹೇಳಿದ. ಎಲ್ಲರೂ ನಕ್ಕರು.

"ನಾನು ಗೈಡಲ್ಲ ಕಣ್ರೀ!"

"ದೊಡ್ಡೋರು ಯಾವತ್ತೂ ಹಾಗೇ ಹೇಳೋದು ದೋನ್ ಬೆನಿಗ್ನೊ. ನಿಮ್ಮ ಹೆಸರು ಬಾರಿನ ಹತ್ತಿರ ಕೇಳ್ಕೊಂಡೇ ಬಂದ್ವಿ," ಎಂದ ಇಲಾರಿಯೊ, ಹೆಸರಿನ ಮುಂದೆ ಗೌರವದ 'ದೋನ್' ಸೇರಿಸಿ.

ಅವರನ್ನು ಕಳಚಿಕೊಳ್ಳಲು ಬೆನಿಗ್ನೊ ಜೋರಾಗಿ ನಡೆದ. ಅವರೂ ಜೋರಾಗಿ ನಡೆದರು. ದಣಿದು ಹೋಗಲಿ ಎಂದು ಒಂದು ಬಂಡೆಯ ಮೇಲೆ ಸುಮ್ಮನೆ ಕೂತ. ಇಪ್ಪತ್ತಮೂರು ಜನವೂ ಕೂತು ಆಲೂಗಡ್ಡೆ ಆಮ್ಲೆಟ್ಟಿನ ಪೊಟ್ಟಣ ಬಿಚ್ಚಿದರು, ಮೊದಲ ತುಂಡನ್ನು ಅವನಿಗೇ ಕೊಟ್ಟರು. ತಿನ್ನುತ್ತಾ ತಿನ್ನುತ್ತಾ ಅವನ ಬಾಯಿ ತಾನಾಗಿಯೇ ಸಡಿಲವಾಯಿತು. ಈ ತಿರುವಿನಲ್ಲೇ ತನ್ನ ಹೇಸರಗತ್ತೆ ಒಂದು ಜನವರಿಯಲ್ಲಿ ಹಿಮದ ಮೇಲೆ ಕೂತುಬಿಟ್ಟದ್ದು, ತಾನು ಬ್ರೆಡ್ಡನ್ನು ಬೆನ್ನ ಮೇಲೆ ಹೊತ್ತು ಹತ್ತಿದ್ದು, ಮೇಲೆ ಒಬ್ಬ ಅಜ್ಜಿ ಬಾಗಿಲಲ್ಲೇ ಕಾದಿದ್ದು ಬ್ರೆಡ್ಡಿಗಿಂತ ಮೊದಲು ತನ್ನ ಕೈಗಳನ್ನು ಹಿಡಿದು ಬೆಚ್ಚಗೆ ಮಾಡಿದ್ದು, ಎಲ್ಲ ಹೇಳಿದ. ಇಲಾರಿಯೊ ಪುಸ್ತಕದಲ್ಲಿ ಬರೆದುಕೊಂಡ. ಒಬ್ಬಾಕೆ ಕಣ್ಣೊರೆಸಿಕೊಂಡಳು.

"ಇಂಥಾ ದಾರಿಗೆ ಗೇಟು ಹಾಕ್ತಾರಂತೆ," ಎಂದ ಬೆನಿಗ್ನೊ.

"ಹಾಕ್ತಾರಾ? ಯಾರು?" ಎಂದು ಇಪ್ಪತ್ತಮೂರು ಜನ ಒಟ್ಟಿಗೆ ಎದ್ದು ನಿಂತರು. ವಯಸ್ಸಾದವರಿಗೆ ಸಿಟ್ಟು ಬಂದರೆ ಮಂಡಿನೋವು ನೆನಪಿರುವುದಿಲ್ಲ.

ಹೊಳೆಯಲ್ಲಿ ದಾಟುಗಲ್ಲುಗಳು ಮುಳುಗಿದ್ದವು. ಬೂಟು ಬಿಚ್ಚಿ ಕೊರಳಿಗೆ ಹಾಕಿಕೊಂಡು, ಕೈ ಕೈ ಹಿಡಿದು ದಾಟಿದರು. ಇಲಾರಿಯೊ ಕಾಲು ಜಾರಿ ನಡು ಹೊಳೆಯಲ್ಲಿ ಕೂತ. ಪುಸ್ತಕವನ್ನು ಮಾತ್ರ ತಲೆಯ ಮೇಲೆತ್ತಿ ಹಿಡಿದಿದ್ದ. ನಿಜವಾದ ಗಂಡಾಂತರ ಬಂದದ್ದು ಆಚೆಯ ಏರಿನಲ್ಲಿ. ಅಲ್ಲಿ ಎರಡು ಬಂಡೆಗಳ ನಡುವೆ ಒಂದು ಕಂಡಿ. ಒಬ್ಬರು ಅಡ್ಡ ತಿರುಗಿದರೆ ಮಾತ್ರ ತೂರಬಹುದು. ಹನ್ನೆರಡು ಜನ ಒಳಗೆ ತೂರಿದ್ದರು, ಹನ್ನೊಂದು ಜನ ಹಿಂದೆ ಇದ್ದರು. ಆಗ ಎದುರಿನಿಂದ ಮೇಯರನ ತಮ್ಮನ ಅರವತ್ತು ಆಡುಗಳು ಬಂದವು.

ಆಡು ಹಿಂದಕ್ಕೆ ನಡೆಯುವ ಪ್ರಾಣಿಯಲ್ಲ. ಬೆನಿಗ್ನೊನೂ ಅಲ್ಲ.

"ಯಾರೂ ಹಿಂದೆ ಸರೀಬೇಡಿ!" ಎಂದು ಅವನು ಕೋಲೆತ್ತಿ ಗರ್ಜಿಸಿದ. ಮುಂದಿನ ಹೋತ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಟೋಪಿ ಕಿತ್ತು ಅಗಿಯತೊಡಗಿತು. ಕಾಲು ಗಂಟೆ ಎರಡೂ ಪಕ್ಷ ಅಲುಗಲಿಲ್ಲ. ಕೊನೆಗೆ ಆಡುಗಳೇ ದಾರಿ ಕಂಡುಕೊಂಡವು. ಜನರ ಹೆಗಲು, ಬೆನ್ನು, ಚೀಲ ಎಲ್ಲವನ್ನೂ ಮೆಟ್ಟಿಲು ಮಾಡಿಕೊಂಡು ಮೇಲಿಂದ ಹಾದು ಹೋದವು.

ಎರಡು ಗಂಟೆಗೆ ಐದು ನಿಮಿಷ ಇರುವಾಗ ಹುಲ್ಲುಗಾವಲಿನಲ್ಲಿ ಮೇಯರ್ ಸೌಟು ಹಿಡಿದು ನಿಂತಿದ್ದ. ಮೆಣಸಿನಪುಡಿ ಹಾಕಿ ಕಿವುಚಿದ ಆಲೂಗಡ್ಡೆಯ ಹಂಡೆಯಿಂದ ಹಬೆ ಏಳುತ್ತಿತ್ತು. ಆಗ ಪೊದೆಗಳನ್ನು ಸರಿಸಿಕೊಂಡು ಬೆನಿಗ್ನೊ ಮೇಲೆ ಬಂದ. ತಲೆಯಲ್ಲಿ ಟೋಪಿಯಿಲ್ಲ, ಅಂಗಿಯ ಮೇಲೆ ಗೊರಸಿನ ಗುರುತು. ಅವನ ಹಿಂದೆ ಒದ್ದೆ, ಕೆಸರು, ಹಿಕ್ಕೆ ಮೆತ್ತಿಕೊಂಡ ಇಪ್ಪತ್ತಮೂರು ಜನ. "ಗೇಟು ಬೇಡ! ದಾರಿ ಬೇಕು!" ಎಂದು ಕೂಗುತ್ತಾ ಬಂದರು.

ಮೇಯರನ ಸೌಟು ಹಂಡೆಯೊಳಗೆ ಬಿತ್ತು.

ಅಧಿಕಾರಿ ಸೊನ್ಸೊಲೆಸ್ ಕುರ್ಚಿಯಿಂದ ಎದ್ದೇ ಬಂದಳು. "ಇಪ್ಪತ್ತಮೂರು ಜನಾನಾ? ಒಂದೇ ದಿನ? ಈ ದಾರೀಲಿ ಯಾರೂ ಓಡಾಡಲ್ಲ ಅಂತ ಬರೆದಿದ್ರಲ್ಲ ಸಾತುರ್ನಿನೊ?"

"ಜೀವನದಲ್ಲೇ ಇಂಥಾ ದಿನ ಕಂಡಿರ್ಲಿಲ್ಲ ಮೇಡಂ," ಎಂದ ಇಲಾರಿಯೊ, ತನ್ನ ಬೂಟಿನಿಂದ ನೀರು ಸುರಿಯುತ್ತಾ. "ಆ ಕಂಡೀಲಿ ಆಡುಗಳು ಎದುರಿಗೆ ಬಂದವು ನೋಡಿ, ಸತ್ತೇ ಹೋದ್ವಿ ಅಂದ್ಕೊಂಡ್ವಿ. ಅದ್ಭುತ!"

ಅವಳು ಎಲ್ಲವನ್ನೂ ಬರೆದುಕೊಂಡಳು. ನಕ್ಷೆಯ ಮೇಲೆ ಅಲ್ಲೇ, ಎಲ್ಲರೆದುರು, ಹಸಿರು ಪೆನ್ನಿನಿಂದ ದಾರಿಯನ್ನು ಎಳೆದಳು. ದಾರಿಗೊಬ್ಬ ಪಾಲಕನೂ ಬೇಕೆಂದಳು. ಎಲ್ಲ ಬೆರಳುಗಳೂ ಬೆನಿಗ್ನೊನತ್ತ ತಿರುಗಿದವು. ಕಾಗದ ಮುಂದೆ ಬಂತು. ಅವನು ಓದಲಿಲ್ಲ. ಗೆದ್ದವನಿಗೆ ಓದಲು ಪುರುಸೊತ್ತೆಲ್ಲಿ? ದಪ್ಪಕ್ಷರದಲ್ಲಿ ಸಹಿ ಗೀಚಿ, ಮೇಯರನ ಮುಂದೆ ತಟ್ಟೆ ಹಿಡಿದು, "ಹಾಕು, ತುಂಬ ಹಾಕು," ಎಂದ. ಮೂರು ಸಲ ಹಾಕಿಸಿಕೊಂಡು ತಿಂದ. ಅವನ ವೈನ್ ಚೀಲ ಕೈಯಿಂದ ಕೈಗೆ ಹೋಗಿ ಖಾಲಿಯಾಗಿ ಬಂತು. ಸಂಘದವರು ಅವನನ್ನು ಹೆಗಲ ಮೇಲೆ ಎತ್ತಲು ನೋಡಿದಾಗ ಮಾತ್ರ ಬೇಡವೇ ಬೇಡವೆಂದ. ಅಷ್ಟು ಎತ್ತರ ಅವನಿಗೆ ಆಗುತ್ತಿರಲಿಲ್ಲ.

ಆರು ಗಂಟೆಗೆ ಜನ ಒಬ್ಬೊಬ್ಬರಾಗಿ ಸೇತುವೆಯ ಮೇಲೆ ಮನೆ ಕಡೆ ಹೊರಟರು. ಒಬ್ದುಲಿಯ ಸಂತೆಗೆ ಹೋಗುವವಳಂತೆ ಕೈ ಬೀಸಿಕೊಂಡು ದಾಟಿ ಆಚೆ ನಿಂತಳು. ಬೆನಿಗ್ನೊ ಕೋಲು ಹಿಡಿದು ಸಿಳ್ಳೆ ಹಾಕುತ್ತಾ ತನ್ನ ದಾರಿಯ ಬಾಯಿಗೆ ಬಂದ. ಅಲ್ಲಿ ಎರಡು ಗೂಟಗಳ ನಡುವೆ ಕೆಂಪು ಬಿಳಿ ಪಟ್ಟಿ ಎಳೆದಿತ್ತು.

"ಎಲ್ಲಿಗೆ ದೋನ್ ಬೆನಿಗ್ನೊ?" ಎಂದಳು ಸೊನ್ಸೊಲೆಸ್.

"ಮನೆಗೆ."

"ಈ ಕಡೆಯಿಂದ ಇಳಿಯೋ ಹಾಗಿಲ್ಲವಲ್ಲ. ಆ ಕಂಡೀಲಿ ಎದುರುಬದುರು ಬಂದ್ರೆ ಅಪಾಯ ಅಂತ ದಾರೀನ ಒಮ್ಮುಖ ಮಾಡಿದೀವಿ. ಊರಿಂದ ಇಲ್ಲಿಗೆ ನಿಮ್ಮ ದಾರಿ, ಇಲ್ಲಿಂದ ಊರಿಗೆ ಸೇತುವೆ. ಯಾರೂ ತಪ್ಪು ದಿಕ್ಕಲ್ಲಿ ಇಳೀದ ಹಾಗೆ ತಡೆಯೋದು ಪಾಲಕರ ಕೆಲಸ." ಅವಳು ಕಾಗದ ತೋರಿಸಿದಳು. "ನಿಮ್ಮದೇ ಸಹಿ. ಚೆನ್ನಾಗಿದೆ ಅಕ್ಷರ."

ಆ ಹೊತ್ತಿಗೆ ಮೇಯರನ ತಮ್ಮನ ಆಡುಗಳು ಕೆಳಗಿನಿಂದ ಹತ್ತಿ ಬಂದವು. ಹೋತ ಪಟ್ಟಿಯ ಕೆಳಗೆ ನುಸುಳಿ, ಏನೋ ನೆನಪಾದಂತೆ ತಿರುಗಿ, ಮತ್ತೆ ನುಸುಳಿ ಕೆಳಗೆ ಇಳಿಯಿತು.

"ಅವು ಹೋಗ್ತಾ ಇಲ್ವಾ!"

"ಆಡುಗಳಿಗೆ ಎರಡೂ ಕಡೆ ವಿನಾಯಿತಿ ಇದೆ. ಮೇಯರ್ ಒತ್ತಾಯ ಮಾಡಿ ಹಾಕಿಸಿದ್ರು."

"ಹಾಗಾದ್ರೆ ನನ್ನೂ ಆಡು ಅಂತಲೇ ಬರ್ಕೊಳ್ಳಿ!"

"ಪಾಲಕರು ಆಡಾಗಿರೋ ಹಾಗಿಲ್ಲ," ಎಂದಳು ಅವಳು, ಕಾಗದದಲ್ಲಿ ನಿಜಕ್ಕೂ ಹುಡುಕಿ ನೋಡಿ.

ಮೇಯರ್ ದೂರದಲ್ಲಿ ಹಂಡೆ ಉಜ್ಜುತ್ತಾ ನಗು ತಡೆದುಕೊಳ್ಳುತ್ತಿದ್ದ. ಬೆನಿಗ್ನೊ ಪಟ್ಟಿಯನ್ನು ನೋಡಿದ. ಅದನ್ನು ಹಾರಿದರೆ ತನ್ನ ದಾರಿಯ ಕಾನೂನನ್ನು ಮೊದಲು ಮುರಿದವನು ತಾನೇ ಆಗುತ್ತಾನೆ. ಗೇಟು ಬೇಡವೆಂದು ಕೂಗಿದ ಇಪ್ಪತ್ತಮೂರು ಗಂಟಲುಗಳು ವ್ಯರ್ಥ. ಅವನು ತಿರುಗಿ ಸೇತುವೆಯ ಕಡೆ ನಡೆದ.

ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ತಂತಿಹಗ್ಗ ಹಿಡಿದು ಹೆಜ್ಜೆಯಿಟ್ಟ. ಹಲಗೆಗೊಂದು ಬೈಗುಳ. ಮೊದಲ ಹತ್ತು ಹಲಗೆ ಮೇಯರನಿಗೆ, ಮುಂದಿನ ಹತ್ತು ಅವನ ತಮ್ಮನಿಗೆ, ಆಮೇಲೆ ಪ್ರಾಂತ್ಯದ ಕಚೇರಿಗೆ, ಇಂಜಿನಿಯರಿಗೆ, ತಂತಿ ಮಾಡಿದವನಿಗೆ. ನಡುವಿನಲ್ಲಿ ಗಾಳಿ ಬಂದು ಸೇತುವೆ ಓಲಾಡಿದಾಗ ಬೈಯಲು ಮನುಷ್ಯರು ಮುಗಿದು ಸಂತರ ಪಟ್ಟಿ ಶುರುವಾಗಿತ್ತು. ಮೂರು ನಿಮಿಷದ ಸೇತುವೆಯನ್ನು ಅವನು ನಲವತ್ತು ನಿಮಿಷದಲ್ಲಿ ದಾಟಿದ. ಆಚೆ ಇಡೀ ಊರು, ಇಡೀ ಸಂಘ ಚಪ್ಪಾಳೆ ತಟ್ಟುತ್ತಿತ್ತು.

ಗಟ್ಟಿ ನೆಲ ಕಾಲಿಗೆ ಸಿಕ್ಕ ಮೇಲೆ ಬೆನಿಗ್ನೊ ಕಣ್ಣು ಬಿಟ್ಟ. ಮೈಯೆಲ್ಲ ನಡುಗುತ್ತಿತ್ತು, ಮೀಸೆ ಮಾತ್ರ ನೆಟ್ಟಗಿತ್ತು.

"ಯಾರೂ ಚಪ್ಪಾಳೆ ತಟ್ಟಬೇಡಿ!" ಎಂದು ಗುಡುಗಿದ. "ದಾಟಿದೀನಿ ಅಷ್ಟೇ. ಒಪ್ಪಿಲ್ಲ!"

"ಒಪ್ಪಬೇಡ ಬಿಡು," ಎಂದಳು ಒಬ್ದುಲಿಯ, ಅವನ ತೋಳು ಹಿಡಿದುಕೊಂಡು. "ಬರೋ ಶನಿವಾರ ನಲವತ್ತು ಜನ ಬರ್ತಾರಂತೆ, ಇಲಾರಿಯೊ ಹೇಳಿದ್ರು. ಆವತ್ತೂ ಒಪ್ಪದೇನೇ ದಾಟು."