ಹದಿನಾರನೇ ಕಾಯಿಪಲ್ಯ

ಪುಸ್ತಕ ಓದುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ, ಗಿಡ ಹಚ್ಚುವವರೂ ಇದ್ದಾರೆ. ಎರಡನ್ನೂ ಒಂದೇ ಅಂಗಳದಲ್ಲಿ ಮಾಡಲು ಹೋದವನಿಗೆ ಮಾತ್ರ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ. ಬೀದರಿನ ಚಿದ್ರಿಯಲ್ಲಿ ಅಂಥವನು ನಾನೊಬ್ಬನೇ ಎಂದು ಎದೆ ತಟ್ಟಿ ಹೇಳುತ್ತೇನೆ. ಬೇರೆ ಯಾರಾದರೂ ಇದ್ದರೆ ಮುಂದೆ ಬರಲಿ. ಸಾಕ್ಷಿಗೆ ಹೆಂಡತಿಯನ್ನೂ ಕರೆದುಕೊಂಡು ಬರಲಿ.

ನಾನು ರಿಟೈರಾದ ಬಸ್ ಡ್ರೈವರ್. ಬೀದರ್-ಭಾಲ್ಕಿ, ಬೀದರ್-ಔರಾದ್ ದಾರಿಯಲ್ಲಿ ನನ್ನಷ್ಟು ನಯವಾಗಿ ಬಸ್ ಓಡಿಸಿದ ಇನ್ನೊಬ್ಬನಿಲ್ಲ. ಜನವಾಡ ದಾಟುವಾಗ ಪ್ಯಾಸೆಂಜರ್ ಕೈಯಲ್ಲಿನ ಚಹಾ ತುಳುಕಿದ್ದೇ ಇಲ್ಲ. ಚಹಾ ಹಿಡಿದು ಯಾರೂ ಬಸ್ ಹತ್ತುತ್ತಿರಲಿಲ್ಲ, ಆ ಮಾತು ಬೇರೆ. ನೌಕರಿಯುದ್ದಕ್ಕೂ ಗಾಜಿನಾಚೆ ಗಿಡ, ಹಕ್ಕಿ, ಹೊಲ ಹಿಂದಕ್ಕೆ ಓಡುವುದನ್ನೇ ನೋಡಿದವನು ನಾನು. ಅವುಗಳ ಹೆಸರಾದರೂ ತಿಳಿಯಲಿ ಎಂದು ರಿಟೈರಾದ ಮೇಲೆ ಗ್ರಂಥಾಲಯದಿಂದ ನಿಸರ್ಗದ ಪುಸ್ತಕ ತಂದು ಓದತೊಡಗಿದೆ. ಮನೆಯ ಮುಂದೆ ಒಂದಿಷ್ಟು ಮಣ್ಣಿನ ಜಾಗ ಇತ್ತು. ಬಸ್ಸಿನ ಹಿಂದಿನ ಉದ್ದ ಸೀಟು ಎರಡು ಇಟ್ಟರೆ ತುಂಬಿಹೋಗುತ್ತದೆ. ಜನರ ಮುಂದೆ ಅದಕ್ಕೆ ‘ನಮ್ಮ ತೋಟ’ ಎನ್ನುತ್ತೇನೆ.

ಆ ಜಾಗಕ್ಕೆ ಶಹಾಬಾದಿನ ಫರಸಿ ಕಲ್ಲು ಹಾಸಬೇಕು ಎನ್ನುವುದು ನಮ್ಮ ಮನೆಯವಳ ಬಹಳ ದಿನದ ಆಸೆ. ಮಳೆಗಾಲದಲ್ಲಿ ಕೆಸರು ಒಳಗೆ ಬರುವುದಿಲ್ಲ, ಬೇಸಿಗೆಯಲ್ಲಿ ಹಪ್ಪಳ ಒಣಗಿಸಬಹುದು. ನಾನು ಕೊಸರಾಡಿದಾಗ ಆಕೆ ಒಂದು ಶರತ್ತು ಹಾಕಿದಳು.

ನಮ್ಮ ಕಡೆ ಗಣಪತಿ ಕೂತ ಮೇಲೆ ಮಹಾಲಕ್ಷ್ಮಿಯರಿಬ್ಬರು ತವರಿಗೆ ಬರುತ್ತಾರೆ. ಸೀರೆ ಉಡಿಸಿ ಕೂಡಿಸಿ, ಹದಿನಾರು ಬಗೆಯ ಕಾಯಿಪಲ್ಯ ಸೇರಿಸಿ ಭಾಜಿ ಮಾಡಿ ಎಡೆ ಹಿಡಿಯುತ್ತೇವೆ.

“ಹದಿನೈದು ನಾ ಬಾಜಾರದಿಂದ ತರ್ತೇನಿ. ಹದಿನಾರನೇದು ನಿಮ್ಮ ತೋಟದಿಂದ ಬರಬೇಕು. ಬರಲಿಲ್ಲಂದ್ರ ಹಬ್ಬದ ಮರುದಿನಾನೇ ಫರಸಿ. ಒಪ್ಪಿಗಿ ಅದೇನ್ರಿ?”

ಹದಿನಾರೂ ನಾನೇ ಕೊಡುತ್ತೇನೆ ಎನ್ನುವ ಮಾತು ಬಾಯಿತುದಿಗೆ ಬಂದಿತ್ತು. ಏನೋ ಪುಣ್ಯ, ಬ್ರೇಕ್ ಹತ್ತಿತು.

ಇಲ್ಲದ ಗಿಡದ ಸ್ಟಾಪು

ಅಷ್ಟು ಜಾಗದ ಮಣ್ಣಿಗೆ ಇಷ್ಟು ಜೀವ ಏಕೆ ಬಿಡುತ್ತೇನೆ ಎಂದು ಕೇಳಬಹುದು. ಔರಾದ್ ದಾರಿಯಲ್ಲಿ ಒಂದು ಆಲದ ಗಿಡದ ಸ್ಟಾಪಿತ್ತು. ರಸ್ತೆ ಅಗಲ ಮಾಡುವಾಗ ಗಿಡ ಹೋಯಿತು, ಸ್ಟಾಪಿಗೆ ಹೆಸರು ಮಾತ್ರ ಉಳಿಯಿತು. ಒಂದು ಬೇಸಿಗೆಯ ಮಧ್ಯಾಹ್ನ ಮುದುಕಿಯೊಬ್ಬಳು “ಆಲದ ಗಿಡಕ್ಕ ಇಳಸಪಾ” ಎಂದಳು. ಅಂದಾಜಿನ ಮೇಲೆ ನಿಲ್ಲಿಸಿದೆ. ಮುದುಕಿ ಮೆಟ್ಟಿಲ ತನಕ ಬಂದು ಹೊರಗೆ ನೋಡಿ ಅಲ್ಲೇ ನಿಂತಳು.

“ಇದಲ್ಲ. ಗಿಡ ಇನ್ನಾ ಮುಂದದ.”

“ಗಿಡ ಎಲ್ಲದ ಆಯಿ? ಕಡದು ಎಷ್ಟ ದಿನಾ ಆಯ್ತು!”

“ಕಡದ್ರೇನಾಯ್ತು? ನೆಳ್ಳ ಬೀಳೋ ಜಾಗಾ ನನಗ ಗೊತ್ತದ. ಬಿಸಲಾಗ ಇಳಸಬ್ಯಾಡ, ಮುಂದ ತಗೋ.”

ಮುಂದೆ ತೆಗೆದುಕೊಂಡೆ. ಅದೇ ಬಿಸಿಲು, ಅದೇ ಕರಿ ಡಾಂಬರು. ಮುದುಕಿ ಇಳಿದು ಸೆರಗಿನಿಂದ ಮುಖ ಒರೆಸಿಕೊಂಡು “ಹಾಂ, ಈಗ ತಂಪಾಯ್ತು ನೋಡು” ಎಂದಳು. ಒಂದು ಗಿಡ ಹೋದ ಮೇಲೂ ಇಷ್ಟು ವರ್ಷ ನೆರಳು ಕೊಡುತ್ತದೆ ಎಂದು ಆಮೇಲೆ ಓದಿದ ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ.

ಸೀಟಿ ಹೊಡೆಯುವುದನ್ನು ಮರೆತು ನಿಂತಿದ್ದ ಕಂಡಕ್ಟರ್ ನನ್ನ ಕಿವಿಯ ಹತ್ತಿರ ಬಂದ. “ಉಸ್ತಾದ್, ಇಂಜಿನ್ ಭಾಳ ಕಾದದ. ಐದ ಮಿನಿಟ್ ನೆಳ್ಳಾಗೇ ನಿಲ್ಲಸ್ರಲ್ಲ.”

ಹೊಸಾ ಪಾಯಿಂಟು

ನಾನು ಓದಿದ ಮೊದಲ ಪುಸ್ತಕದಲ್ಲಿ ಮಣ್ಣನ್ನು ಬರಿಮೈಯಲ್ಲಿ ಬಿಡಬಾರದು, ಒಣಗಿದ ಎಲೆ ಹೊದಿಸಬೇಕು ಎಂದಿತ್ತು. ನಮ್ಮದು ಕೆಂಪು ಮುರುಮು ಮಣ್ಣು, ನೀರು ಹಾಕಿದಷ್ಟೂ ಕೆಳಗೆ ಇಳಿದುಹೋಗುತ್ತದೆ. ಬದನೆಯ ಬೀಜ ಊರಿ, ಓಣಿಯವರಿಗೆಲ್ಲ ಹೇಳಿಬಂದೆ: “ನಿಮ್ಮ ಅಂಗಳದಾಗ ಬಿದ್ದ ಎಲಿ ಇದ್ರ ನಮ್ಮ ಗೇಟಿನ ಒಳಗ ಚೆಲ್ರಿ.”

ನಮ್ಮ ಓಣಿಯವರು ನನ್ನ ಮಾತನ್ನು ಎಂದೂ ತೆಗೆದುಹಾಕುವವರಲ್ಲ. ಮೊದಲು ಬೇವಿನ ಎಲೆ ಬಂತು. ಆಮೇಲೆ ಉಳ್ಳಾಗಡ್ಡಿ ಸಿಪ್ಪೆ, ತೆಂಗಿನ ಕರಟ, ಒಂದೇ ಕಾಲಿನ ಚಪ್ಪಲಿ. ಕೊನೆಗೆ ಎದುರು ಮನೆಯವರು ಹಳೆಯ ಗಾದಿಯನ್ನೇ ಹೊತ್ತು ತಂದರು.

“ಇದೇನ್ರಿ ಇದು?”

“ಇದರಾಗಿಂದು ಹತ್ತಿ ಅದರಿ. ಹತ್ತೀನೂ ಗಿಡದಾಗೇ ಬೆಳದದ್ದಲ್ಲೇನು?”

ಪರಿಸರದ ದೃಷ್ಟಿಯಿಂದ ಅದನ್ನೂ ಎಲೆಯ ಮೇಲೆ ಹಾಸಿಸಿಕೊಂಡೆ. ಎರಡು ದಿನ ಬಿಟ್ಟು ಕಸದ ಟ್ರ್ಯಾಕ್ಟರ್ ಬಂತು. “ಕಾಕಾ, ಇಲ್ಲಿ ಹೊಸಾ ಪಾಯಿಂಟ್ ಆಗ್ಯಾದೇನ್ರಿ?” ಎಂದ ಹುಡುಗರು ನಾನು ಬಾಯಿ ತೆರೆಯುವುದರೊಳಗೆ ಸಲಿಕೆ ಹಾಕಿ ಗಾದಿ, ಎಲೆ, ಅದರ ಕೆಳಗೆ ಆಗ ತಾನೇ ತಲೆ ಎತ್ತಿದ್ದ ಬದನೆ ಸಸಿ ಎಲ್ಲವನ್ನೂ ತುಂಬಿಕೊಂಡರು. ಹೋಗುವಾಗ ಒಬ್ಬ ನನ್ನ ಕೈ ಹಿಡಿದು ಕುಲುಕಿದ. “ಕಸಾ ಹಿಂಗ ಒಂದೇ ಕಡಿ ಕೂಡಸಿದ್ರ ನಮಗ ಭಾಳ ಅನುಕೂಲ ಕಾಕಾ. ನಿಮ್ಮಂಥವರು ಓಣಿಗೊಬ್ಬರು ಇರಬೇಕು.”

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮಾಕೆ ಒಳಗೆ ಹೋಗುತ್ತ ಅಂದಳು: “ಬದ್ನಿಕಾಯಿ ಹೋದ್ರೂ ಸನ್ಮಾನ ಆಯ್ತಲ್ಲ, ಬಿಡ್ರಿ.”

ಎರೆಹುಳಕ್ಕೆ ಅರ್ಧ ಟಿಕೆಟ್

ಎರಡನೇ ಪುಸ್ತಕ ಎರೆಹುಳದ ಮೇಲಿನದು. ಭಾಲ್ಕಿಯಲ್ಲಿ ನನ್ನ ಜೊತೆ ಡ್ರೈವರ್ ಆಗಿದ್ದ ಗೆಳೆಯನ ಹೊಲವಿದೆ. ಅವನ ಗೊಬ್ಬರದ ಗುಂಡಿಯಿಂದ ಒಂದು ಡಬ್ಬಿ ತುಂಬ ಹುಳ ತುಂಬಿಕೊಂಡು ಬೀದರಿನ ಬಸ್ ಹತ್ತಿದೆ. ಕಂಡಕ್ಟರ್ ನನ್ನ ಕೈಕೆಳಗೇ ಪಳಗಿದವನು.

“ಡಬ್ಬ್ಯಾಗ ಏನದ ಉಸ್ತಾದ್?”

“ಎರೆಹುಳಾ.”

“ಜೀವಂತ ಅವಾ?”

“ಸತ್ತದ್ದು ಯಾರರೇ ಇಷ್ಟ ದೂರ ಒಯ್ತಾರೇನು?”

ಅವನ ಮುಖ ಗಂಭೀರವಾಯಿತು. “ಜೀವಂತ ಅಂದ್ರ ತ್ರಾಸ ಆಯ್ತಲ್ರಿ. ಕೋಳಿಗಿ ಅರ್ಧಾ ಟಿಕೆಟ್ ಅದ. ಹುಳಕ್ಕ ಏನ್ ಕೊಡ್ಲಿ? ಚೆಕಿಂಗ್ ಬಂದ್ರ ನನ್ನ ಕುತ್ತಿಗಿಗಿ ಬರ್ತದ.”

“ಹುಳಕ್ಕೆಂಥಾ ಟಿಕೆಟಪಾ!” ಎಂದೆ. ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೋಳಿ ಇಟ್ಟುಕೊಂಡಿದ್ದವನು ಎದ್ದೇ ನಿಂತ. “ಹ್ಯಾಂಗರಿ? ನನ್ನ ಕೋಳಿಗಿ ತಗಸೀರಿ. ಡ್ರೈವರ್ ಸಾಹೇಬರ ಹುಳಕ್ಕ ಬ್ಯಾರೇ ಕಾನೂನೇನು?”

“ಒಂದೊಂದಕ್ಕ ಒಂದೊಂದು ಕೊಡ್ರಿ,” ಎಂದರು ಯಾರೋ. ಕಿಟಕಿಯ ಹತ್ತಿರದ ಹೆಣ್ಣುಮಗಳು ತಲೆ ಅಲ್ಲಾಡಿಸಿದಳು. “ಆಗಂಗಿಲ್ಲರಿ. ಅವು ತುಂಡಾದ್ರ ಎರಡ ಆಗ್ತಾವಂತ. ಇಲ್ಲಿ ಎಣಿಸಿದ್ದು ಬೀದರದಾಗ ಹೊಂದಂಗಿಲ್ಲ.”

ನಾನು ಎದ್ದು ನಿಂತು ಭಾಷಣ ಮಾಡಿದೆ. ತುಂಡಾದರೆ ಎರಡಾಗುವುದಿಲ್ಲ ಎಂದೆ. ಈ ಹುಳ ಮಣ್ಣು ಹದ ಮಾಡದಿದ್ದರೆ ತೊಗರಿಯಿಲ್ಲ, ತೊಗರಿಯಿಲ್ಲದಿದ್ದರೆ ಸಂತೆಯಿಲ್ಲ, ಸಂತೆಯಿಲ್ಲದಿದ್ದರೆ ಬಸ್ಸಿಗೆ ಪ್ಯಾಸೆಂಜರ್ ಇಲ್ಲ, ಅಂದಮೇಲೆ ಈ ಬಸ್ಸನ್ನು ನಡೆಸುವುದೇ ಎರೆಹುಳ ಎಂದೆ. ಎಲ್ಲರಿಗಿಂತ ಲಕ್ಷ್ಯಕೊಟ್ಟು ಕೇಳಿದ್ದು ಕೋಳಿ. ಅದರ ಕತ್ತು ಉದ್ದವಾಗುತ್ತ ಆಗುತ್ತ ನನ್ನ ಡಬ್ಬಿಯ ತನಕ ಬಂದಿತ್ತು.

ಕಂಡಕ್ಟರ್ ಇಡೀ ಡಬ್ಬಿಗೆ ಒಂದು ಅರ್ಧ ಟಿಕೆಟ್ ಹರಿದುಕೊಟ್ಟ. “ನೀವು ಮುಂದಿನ ಸೀಟಿಗಿ ಬರ್ರಿ ಉಸ್ತಾದ್. ಕೋಳಿದೂ ಟಿಕೆಟ್ ಆಗ್ಯಾದ, ಹುಳದ್ದೂ ಆಗ್ಯಾದ. ಒಬ್ಬ ಪ್ಯಾಸೆಂಜರ್ ಇನ್ನೊಬ್ಬ ಪ್ಯಾಸೆಂಜರನ್ನ ತಿನ್ನಬಾರದು, ಅಷ್ಟ ನನ್ನ ಡ್ಯೂಟಿ.”

ಹಾರಿಹೋದ ಬಗಾರ್

ಗೋಡೆಯಾಚೆಯ ಮನೆಯ ಹೆಣ್ಣುಮಗಳಿಗೆ ಓಣಿಯವರೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತೇವೆ; ನನಗಿಂತ ಹಿರಿಯರು. ಅವರ ಮನೆಯಲ್ಲಿ ಸಂಜೆಗೆ ದಾಲಿಗೆ ಒಗ್ಗರಣೆ, ಅವರ ಮಾತಲ್ಲಿ ಬಗಾರ್, ಕೊಡಬೇಕೆಂದರೆ ಕರಿಬೇವು ನಮ್ಮ ಗಿಡದ್ದೇ.

“ಭಾಯಿಸಾಬ್, ಎರಡ ಕಡ್ಡಿ ಕರಿಬೇವು ಕೊಡ್ರಿ.”

“ಇವತ್ತ ಬ್ಯಾಡ ಆಪಾ. ಮಕ್ಕಳು ಉಣ್ಣಲತ್ತಾವ.”

“ಯಾರ ಮಕ್ಕಳು?”

ಗಿಡದ ತುಂಬ ಚಿಟ್ಟೆಯ ಹಸಿರು ಮರಿಹುಳಗಳಿದ್ದವು. ಅವನ್ನು ಕಿತ್ತೊಗೆಯಬಾರದು ಎಂದು ಮೂರನೇ ಪುಸ್ತಕ ಹೇಳಿತ್ತು. ಆಪಾ ಗೋಡೆಯ ಮೇಲಿಂದ ಬಗ್ಗಿ ನೋಡಿ ಗಲ್ಲಕ್ಕೆ ಕೈ ಹಚ್ಚಿದರು. “ಯಾ ಅಲ್ಲಾ! ನಮ್ಮ ಮಂದಿ ಸಪ್ಪನ್ ದಾಲ್ ಉಣ್ಣಬೇಕು, ನಿಮ್ಮ ಹುಳಾ ದಾವತ್ ಮಾಡಬೇಕು!”

ಬೈದರೇ ಹೊರತು ಬರುವುದು ಬಿಡಲಿಲ್ಲ. “ಆ ದಪ್ಪಂದು ಎಲ್ಲಿ ಹೋಯ್ತು? ಸಣ್ಣದಕ್ಕ ಎಲಿ ಉಳದದೇನು?” ಎಂದು ದಿನಾ ವಿಚಾರಣೆ. ಗಿಡ ಬೋಳಾಯಿತು. ನಮ್ಮಾಕೆ “ಹಬ್ಬ ಹತ್ರ ಬಂತು, ಚಿಟ್ಟಿ ಹಾಕಿ ಭಾಜಿ ಮಾಡ್ಲಿಕ್ಕ ಬರಂಗಿಲ್ಲ” ಎಂದು ನೆನಪು ಮಾಡಿದಳು.

ಒಂದು ಬೆಳಿಗ್ಗೆ ಆಪಾ ಗೋಡೆಯಿಂದಲೇ ಕೂಗಿದರು. ಗೂಡು ಬಿರಿದು ಕಪ್ಪು ರೆಕ್ಕೆಯ ಚಿಟ್ಟೆಯೊಂದು ಕಡ್ಡಿಗೆ ಜೋತುಬಿದ್ದಿತ್ತು. ರೆಕ್ಕೆ ಒಣಗುವ ತನಕ ನಮ್ಮಾಕೆಯೂ ಸೇರಿ ಮೂವರೂ ಅಲ್ಲೇ ನಿಂತೆವು. ಆಪಾ ಅವರ ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು, ಅವರು ತಿರುಗಿಯೂ ನೋಡಲಿಲ್ಲ. ಚಿಟ್ಟೆ ಎದ್ದು, ಗೋಡೆ ದಾಟಿ, ಅವರ ಅಡುಗೆಮನೆಯ ಮೇಲೆ ಒಂದು ಸುತ್ತು ಹಾಕಿ ಹೋಯಿತು.

“ಜಾ ಬೇಟಾ, ಜಾ,” ಎಂದು ಕೈ ಎತ್ತಿದ ಆಪಾ ನನ್ನ ಕಡೆ ತಿರುಗಿದರು. “ನೋಡ್ರಿ ಭಾಯಿಸಾಬ್, ನಮ್ಮ ಮನಿ ಬಗಾರ್ ಹ್ಯಾಂಗ ಹಾರಿ ಹೊಂಟದ!”

ಗಂಡಸರಿಗೆ ಒಳಗೆ ಬಿಡಂಗಿಲ್ಲ

ಟಿಕೆಟ್ ತೆಗೆಸಿ ತಂದ ಹುಳಗಳು ಉಪಕಾರ ಮರೆಯಲಿಲ್ಲ. ಮಣ್ಣು ಮೆತ್ತಗಾಯಿತು, ಹೀರೇಬಳ್ಳಿ ಗೇಟಿನ ಪಕ್ಕದ ಹಂದರಕ್ಕೆ ಏರಿತು, ಒಂದೇ ಒಂದು ಹೀರೇಕಾಯಿ ಬಿಟ್ಟಿತು. ಆದರೆ ಎಂಥಾ ಹೀರೇಕಾಯಿ! ಭಾಲ್ಕಿಯಿಂದಲೂ ಕಾಣಿಸುವಂಥದ್ದು. ನಾನು ಓಣಿಯಲ್ಲಿ ಕಾಲರ್ ಎತ್ತಿಕೊಂಡು ತಿರುಗಿದೆ. ಇತ್ತ ನಮ್ಮಾಕೆಗೆ ನಂಬಿಕೆಯಿರಲಿಲ್ಲವೇನೋ, ಫರಸಿ ತರಿಸಿ ಗೇಟಿನ ಹೊರಗೆ ಒಟ್ಟಿಸಿ, ಮಿಸ್ತ್ರಿಗೆ ಹಬ್ಬದ ಮರುದಿನ ಬಾ ಎಂದು ಹೇಳಿಟ್ಟಿದ್ದಳು.

ಹಬ್ಬದ ಬೆಳಿಗ್ಗೆ ಔರಾದಿನಿಂದ ಆಕೆಯ ತಂಗಿ ಬಂದಳು. ಹದಿನೈದು ಕಾಯಿಪಲ್ಯ ಹೆಚ್ಚಿ ಆಗಿತ್ತು. ನಮ್ಮಾಕೆ ಚಾಕು ಹಿಡಿದು ಬಳ್ಳಿಯ ಹತ್ತಿರ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈ ಬರಿದಾಗಿತ್ತು.

ಹೀರೇಕಾಯಿಯ ಪಕ್ಕದ ಎರಡು ಎಲೆಯನ್ನು ಯಾರ ಕಣ್ಣಿಗೂ ಬೀಳದಂತೆ ಕೂಡಿಸಿ ಹೆಬ್ಬೆರಳಿನಷ್ಟು ಹಕ್ಕಿಯೊಂದು ಹೊಲಿಗೆ ಹಾಕಿತ್ತು. ಆ ಚೀಲದೊಳಗಿನಿಂದ ಮೂರು ಪುಟ್ಟ ಬಾಯಿ ತೆರೆದಿದ್ದವು. ಕಾಯಿಯ ತೊಟ್ಟೂ ಅದೇ ಹೊಲಿಗೆಯಲ್ಲಿ ಸಿಕ್ಕಿತ್ತು, ಕೊಯ್ದರೆ ಎಲೆ ಹರಿಯುತ್ತಿತ್ತು.

ನಾನು ಪುಸ್ತಕ ಹಿಡಿದು ಓಡಿಬಂದೆ. “ಇದು ಸಿಂಪಿಗ ಹಕ್ಕಿ! ಇದರಾಗ ಬರದದ ನೋಡು—”

“ಸಾವಕಾಶ ಮಾತಾಡ್ರಿ!” ಎಂದಳು. “ಬಾಣಂತಿ ಇದ್ದ ಮನಿ ಇದು.”

ಎಡೆ ಹಿಡಿಯುವಾಗ ತಂಗಿ ಬೆರಳು ಮಡಚಿ ಲೆಕ್ಕ ಹಾಕಿದಳು. “ಅಕ್ಕಾ, ಭಾಜ್ಯಾಗ ಒಂದು ಕಡಿಮಿ ಬಿತ್ತಲ್ಲ?”

“ಹದಿನಾರನೇದು ಬಳ್ಳ್ಯಾಗ ಅದ. ಲಕ್ಷ್ಮಿಯರಿಬ್ಬರು ತವರಿಗಿ ಬಂದಾರ, ಅಕಿನೂ ಬಾಣಂತನಕ್ಕ ತವರಿಗೇ ಬಂದಾಳ. ಅವರಿಗಿ ತಿಳೀತದ, ನೀ ಸುಮ್ಮನಿರು.”

ಶರತ್ತಿನ ಪ್ರಕಾರ ನಾನು ಸೋತಿದ್ದೆ. ಮರುದಿನ ಮಿಸ್ತ್ರಿ ಸುತ್ತಿಗೆ, ಉಳಿ ಹಿಡಿದು ಬಂದ. ನಮ್ಮಾಕೆ ಗೇಟಿನಲ್ಲೇ ಅಡ್ಡ ನಿಂತಳು.

“ಇಲ್ಲಿ ಸಪ್ಪಳಾ ಮಾಡಬ್ಯಾಡಪಾ. ಕೂಸುಗಳು ಅಂಜ್ತಾವ.”

“ಮತ್ತ ಈ ಫರಸಿ ಏನ್ ಮಾಡ್ಲಿ ಕಾಕು?”

“ಮಾಳಗಿ ಮ್ಯಾಲ ಹಾಸು, ಹಪ್ಪಳಕ್ಕ ಆಗ್ತದ. ಒಂದು ಗೇಟಿನ ಹೊರಗ ಕುಂಡ್ರಲಿಕ್ಕ ಹಾಕು.”

ಕುಂಡ್ರುವವರು ಯಾರು ಎಂದು ನನಗೆ ಸಂಜೆಗೆ ಗೊತ್ತಾಯಿತು. ಗೇಟಿಗೆ ಬೇವಿನ ಎಸಳು ಸಿಕ್ಕಿಸಿ, ಒಳಗಿನಿಂದ ಕೊಂಡಿ ಹಾಕಿದ್ದಳು. ಬಾಣಂತಿಯ ಹತ್ತಿರ ಗಂಡಸರು ಸುಳಿಯುವಂತಿಲ್ಲವಂತೆ. ನಾನು ಮನೆಯೊಳಗೆ ಹೋಗಬೇಕಾದರೆ ಹಿತ್ತಲ ಬಾಗಿಲು. ತೋಟ ನನ್ನದು, ಹುಳ ನನ್ನದು, ಪುಸ್ತಕ ನನ್ನದು, ನಾನು ಮಾತ್ರ ಗೇಟಿನ ಹೊರಗೆ ಫರಸಿಯ ಮೇಲೆ. ಒಳಗೆ ಆಕೆ ಮತ್ತು ಆಪಾ ಬಳ್ಳಿಯ ಮುಂದೆ ಕೂತು ಪಿಸುಗುಟ್ಟುತ್ತಿದ್ದರು.

ಆಗ ಉದ್ದ ಬಾಲದ ಇನ್ನೊಂದು ಹಕ್ಕಿ ನನ್ನ ತಲೆಯ ಮೇಲಿಂದಲೇ ಹಾರಿ ಸೀದಾ ಗೂಡಿಗೆ ಹೋಯಿತು. ನಾನು ಪುಟ ತಿರುಗಿಸಿ ನೋಡಿದೆ, ನ್ಯಾಯ ಸಿಕ್ಕಿತು.

“ಏ, ಇಲ್ಲಿ ಬರದದ ಕೇಳು! ಉದ್ದ ಬಾಲದವ ಗಂಡು! ಅವನ್ನ ಬಿಟ್ಟೀದಿ, ನನ್ನನ್ಯಾಕ ತಡೀತಿ?”

“ಅವ ಬರೋವಾಗ ಬಾಯಾಗ ಹುಳಾ ಹಿಡಕೊಂಡು ಬರ್ತಾನ. ನೀವೇನ್ ತಂದೀರಿ?”

“ನಾನೂ ಹುಳಾ ತಂದೇನಿ!” ನಾನು ಫರಸಿಯ ಮೇಲೆ ಎದ್ದು ನಿಂತೆ. “ಭಾಲ್ಕಿಯಿಂದ! ಟಿಕೆಟ್ ತಗಸಿ!”

ಒಳಗೆ ಸ್ವಲ್ಪ ಹೊತ್ತು ಇಬ್ಬರ ಸಮಾಲೋಚನೆ ನಡೆಯಿತು. ಆಪಾ “ಮಾತು ಖರೇ ಅದ” ಎಂದದ್ದು ಕೇಳಿಸಿತು. ಕೊಂಡಿ ತೆರೆಯಿತು.

“ಬರ್ರಿ,” ಎಂದಳು ನಮ್ಮಾಕೆ. “ಆದ್ರ ಪುಸ್ತಕಾ ಹೊರಗಿಟ್ಟು ಬರ್ರಿ.”