ಸಹಾಯಪುಟಕ್ಕೆ ನನ್ನ ಸಹಾಯ

ಇನ್ನೊಬ್ಬರು ಬರೆದದ್ದರಲ್ಲಿ ತಪ್ಪು ಹುಡುಕುವ ಸುಖ ಏನೆಂಬುದು ಹುಡುಕಿದವರಿಗೇ ಗೊತ್ತು. ಒಬ್ಬಟ್ಟಾದರೆ ಮೂರನೆಯದಕ್ಕೆ ಸಾಕು ಎನಿಸುತ್ತದೆ. ಇದು ಹಾಗಲ್ಲ, ಒಂದು ತಪ್ಪು ಸಿಕ್ಕಿದ ಕೂಡಲೇ ಇನ್ನೊಂದಕ್ಕೆ ಹಸಿವಾಗುತ್ತದೆ. ನಾನು ಚನ್ನಪಟ್ಟಣದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಓದುವವರು ಕಡಿಮೆ, ಬಿಡುವು ಹೆಚ್ಚು. ಹೀಗಾಗಿ ಬಸ್ಸಿನ ಬೋರ್ಡು, ಹೋಟೆಲಿನ ಗೋಡೆ, ಶ್ರದ್ಧಾಂಜಲಿಯ ಫ್ಲೆಕ್ಸು ಯಾವುದನ್ನೂ ನಾನು ಬಿಟ್ಟವನಲ್ಲ. ಒಮ್ಮೆ ಹೆಂಡತಿಯ ಕಡೆಯ ನೆಂಟರು ತಂದುಕೊಟ್ಟ ಮದುವೆ ಕಾಗದದಲ್ಲಿ ಏಳು ಕಾಗುಣಿತದ ತಪ್ಪುಗಳಿಗೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ಅವರು ಕಾಫಿ ಕುಡಿದು ಲೋಟ ಕೆಳಗಿಡುವುದರೊಳಗೆ ಅವರ ಕೈಗೇ ವಾಪಸು ಕೊಟ್ಟಿದ್ದೆ. ಆ ಮದುವೆಗೆ ನನ್ನ ಹೆಂಡತಿ ಲಲಿತ ಒಬ್ಬಳೇ ಹೋಗಿಬಂದಳು. ಊಟ ಬಹಳ ಚೆನ್ನಾಗಿತ್ತಂತೆ.

ನಮ್ಮ ಗ್ರಂಥಾಲಯದಲ್ಲಿ ಪುಸ್ತಕಗಳ ಲೆಕ್ಕವಿಡುವುದಕ್ಕೆ ಒಂದು ಸಾಫ್ಟ್‌ವೇರ್ ಇದೆ. ಯಾವ ಕಂಪನಿಯದೂ ಅಲ್ಲ. ದೇಶ ದೇಶಗಳ ಜನ ತಮ್ಮ ಬಿಡುವಿನಲ್ಲಿ ಕೂತು ಬರೆದು, ಯಾರು ಬೇಕಾದರೂ ಬಳಸಿ, ಬೇಕಾದರೆ ತಿದ್ದಿ ಎಂದು ಊರ ಬಾವಿಯ ಹಾಗೆ ತೆರೆದಿಟ್ಟದ್ದು. ಅದನ್ನು ಬಳಸುವುದು ಹೇಗೆಂದು ಹೇಳುವ ಸಹಾಯಪುಟಗಳೂ ಅದರ ಜೊತೆಯಲ್ಲೇ ಇವೆ. ಒಂದು ದಿನ ಹೊಸ ಪುಸ್ತಕ ಸೇರಿಸಲು ಹೊರಟಾಗ ಸಹಾಯಪುಟ, ಪರದೆಯ ಬಲಗಡೆಯಿರುವ ಬಟನ್ ಒತ್ತಿ ಎಂದಿತು. ಬಲಗಡೆ ಬಟನ್ನೇ ಇರಲಿಲ್ಲ. ಎರಡು ದಿನ ಬಲಗಡೆಯನ್ನೇ ನೋಡಿದೆ. ಮೂರನೆಯ ದಿನ ಅನುಮಾನ ಕಣ್ಣಿನ ಮೇಲೆ ಬಂದು ರಾಮನಗರಕ್ಕೆ ಹೋಗಿ ತೋರಿಸಿದೆ. ಡಾಕ್ಟರು ನಂಬರು ಬದಲಾಗಿದೆ ಎಂದು ಹೊಸ ಕನ್ನಡಕ ಬರೆದುಕೊಟ್ಟರು. ಹೊಸ ಕನ್ನಡಕದಲ್ಲಿ ಬಲಗಡೆಯ ಖಾಲಿ ಜಾಗ ಇನ್ನೂ ಸ್ವಚ್ಛವಾಗಿ ಕಂಡಿತು. ಬಟನ್ನು ಇದ್ದದ್ದು ಎಡಗಡೆ. ಯಾವುದೋ ಹೊಸ ಆವೃತ್ತಿ ಬಂದಾಗ ಅದು ಎಡಕ್ಕೆ ಹೋಗಿತ್ತು, ಪುಟದಲ್ಲಿ ಮಾತ್ರ ಬಲಗಡೆಯೇ ಉಳಿದಿತ್ತು. ಬಲಕ್ಕೆ ಸಿಗದಿದ್ದಾಗ ಎಡಕ್ಕೆ ಒಮ್ಮೆ ತಿರುಗಿ ನೋಡುವುದಕ್ಕೂ ಪುಸ್ತಕದಲ್ಲಿ ಬರೆದಿರಬೇಕೇ ಎಂದು ಲಲಿತ ಕೇಳಿದಳು.

ಉತ್ತರವನ್ನೆಲ್ಲ ಆ ಸಾಫ್ಟ್‌ವೇರಿನವರಿಗಾಗಿ ಉಳಿಸಿಕೊಂಡಿದ್ದೆ. ದೂರು ಹೇಳುವುದಕ್ಕೆಂದೇ ಅವರ ತಾಣದಲ್ಲಿ ಒಂದು ಜಾಗವಿತ್ತು. ರಜಾ ಅರ್ಜಿ ಬರೆದು ಪಳಗಿದ ಇಂಗ್ಲಿಷಿನಲ್ಲಿ, ಮಾನ್ಯರೇ ಎಂದು ಶುರುಮಾಡಿ, ವಿಷಯ, ಉಲ್ಲೇಖ ಎಲ್ಲ ಹಾಕಿ, ತಮ್ಮ ಅಜಾಗರೂಕತೆಯಿಂದ ನನ್ನ ಎರಡು ದಿನ ಮತ್ತು ಒಂದು ಕನ್ನಡಕ ವ್ಯಯವಾಗಿದೆ ಎಂದು ಎರಡು ಪುಟ ಬರೆದೆ. ಮರುದಿನವೇ ಉತ್ತರ ಬಂತು. ಬರೆದವಳು ಮಾರ್ತಾ ಎಂಬ ಹೆಂಗಸು, ಯಾವುದೋ ಚಳಿ ದೇಶದವಳು, ಆ ಪುಟಗಳನ್ನು ನೋಡಿಕೊಳ್ಳುವವಳು. ನೀವು ಹೇಳಿದ್ದು ಸರಿ, ಬಹಳ ಉಪಕಾರವಾಯಿತು, ಇದನ್ನು ನೀವೇ ತಿದ್ದಿ ಕೊಡುತ್ತೀರಾ ಎಂದು ಕೇಳಿದ್ದಳು.

ನನ್ನ ಐವತ್ತೆರಡು ವರ್ಷದ ಬಾಳಿನಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ತಪ್ಪು ತೋರಿಸಿದರೆ ಕೆಲವರು ಜಗಳಕ್ಕೆ ಬರುತ್ತಾರೆ, ಕೆಲವರು ಮದುವೆಗೆ ಬರಬೇಡಿ ಎನ್ನುತ್ತಾರೆ, ಎರಡಕ್ಕೂ ನಾನು ಸಿದ್ಧ. ನೀವೇ ತಿದ್ದಿ ಎಂದರೆ ಏನು ಮಾಡುವುದು? ಒಂದು ಪದ ತಾನೇ ಎಂದು ಒಪ್ಪಿಕೊಂಡೆ.

ಆ ಒಂದು ಪದಕ್ಕೆ ಹತ್ತು ದಿನ ಹಿಡಿಯಿತು. ಮೊದಲು ಆ ಸಹಾಯಪುಟಗಳ ಇಡೀ ಪುಸ್ತಕದ ನಕಲನ್ನು ನಮ್ಮ ಹೆಸರಿಗೆ ತೆಗೆದುಕೊಳ್ಳಬೇಕು, ಅದಕ್ಕೆ ಫೋರ್ಕ್ ಎನ್ನುತ್ತಾರೆ. ಆ ನಕಲಿನಲ್ಲಿ ಒಂದು ಕೊಂಬೆ ಮಾಡಿಕೊಂಡು, ಕೊಂಬೆಯಲ್ಲಿ ತಿದ್ದಿ, ಇಗೋ ತಿದ್ದಿದ್ದೇನೆ, ಸರಿಯಿದ್ದರೆ ನಿಮ್ಮ ಪುಸ್ತಕದೊಳಕ್ಕೆ ಎಳೆದುಕೊಳ್ಳಿ ಎಂದು ಕೋರಿಕೆ ಕಳಿಸಬೇಕು. ನಮ್ಮದು ಕಬ್ಬಾಳಿನ ಕಡೆಯ ಕುರಿ ಸಾಕುವ ಮನೆತನ. ಕೊಂಬೆ ಎಂದರೆ ಕುರಿಗೆ ಮುರಿದು ಹಾಕುವುದು ಎಂದಷ್ಟೇ ತಿಳಿದಿದ್ದವನಿಗೆ ಇದು ಹಿಡಿಯಲಿಲ್ಲ. ಕೊನೆಗೆ ಅರ್ಥವಾದದ್ದು ನನ್ನ ನಾದಿನಿಯ ದೆಸೆಯಿಂದ. ಅವಳು ಲಲಿತಳ ಅಡುಗೆ ಪುಸ್ತಕವನ್ನು ಪೂರ್ತಿ ನಕಲು ಮಾಡಿಕೊಂಡು ಹೋಗಿ, ತಿಂಗಳಾದ ಮೇಲೆ ಫೋನ್ ಮಾಡಿ, ಅಕ್ಕಾ, ಬಸ್ಸಾರಿಗೆ ಒಂದೆರಡು ಬೆಳ್ಳುಳ್ಳಿ ಜಾಸ್ತಿ ಹಾಕಿದೀನಿ, ಚೆನ್ನಾಗಿದೆ, ನೀನೂ ಬರ್ಕೊ ಎನ್ನುತ್ತಾಳೆ. ಲಲಿತ ಬರೆದುಕೊಂಡರೂ ಉಂಟು, ಬಿಟ್ಟರೂ ಉಂಟು. ಇಷ್ಟೇ ಸಂಗತಿ.

ಬಲ ಎಂದಿದ್ದಲ್ಲಿ ಎಡ ಎಂದು ಬರೆದು ಕಳಿಸಿದೆ. ಅರ್ಧ ನಿಮಿಷದಲ್ಲಿ ಕೆಂಪು ಗುರುತು ಬಂತು. ಮಾರ್ತಾ ಅಲ್ಲ, ಅವಳು ಕಾವಲಿಗಿಟ್ಟ ಒಂದು ಯಂತ್ರ ನನ್ನ ಬರವಣಿಗೆಯನ್ನು ಪರೀಕ್ಷಿಸಿ ಸಾಲಿನ ಕೊನೆಯಲ್ಲಿ ದೋಷವಿದೆ ಎಂದಿತ್ತು. ಸಾಲಿನ ಕೊನೆಯಲ್ಲಿ ಏನೂ ಇರಲಿಲ್ಲ. ಆ ಏನೂ ಇಲ್ಲದ್ದೇ ದೋಷ. ಪೂರ್ಣವಿರಾಮದ ಮುಂದೆ ನಾನೊಂದು ಖಾಲಿ ಜಾಗ ಬಿಟ್ಟಿದ್ದೆ. ಹಿಂದೆ ಟೈಪಿಂಗ್ ಕಲಿಯುವಾಗ ಮೇಷ್ಟ್ರು ಸ್ಕೇಲು ಹಿಡಿದು ನಿಂತು, ಚುಕ್ಕಿ ಆದ ಮೇಲೆ ಜಾಗ ಬಿಡದವನ ಬೆರಳಿಗೆ ಕೊಡುತ್ತಿದ್ದರು. ಆ ಹೆದರಿಕೆ ಮೂವತ್ತು ವರ್ಷ ಬೆರಳಲ್ಲೇ ಕೂತಿತ್ತು. ಅದನ್ನು ಅಳಿಸಿ ಮತ್ತೆ ಕಳಿಸಿದ ಮೇಲೆ ಮಾರ್ತಾ ಒಪ್ಪಿಕೊಂಡು, ಕೊಡುಗೆ ನೀಡಿದವರ ಪಟ್ಟಿಯಲ್ಲಿ ನನ್ನ ಹೆಸರು ಸೇರಿಸಿದಳು. ನಾನು ಕಾಲೇಜಿನಲ್ಲಿ ಮೈಸೂರುಪಾಕು ಹಂಚಿದೆ. ಕಾರಣ ಕೇಳಿದವರಿಗೆ ಬಲವನ್ನು ಎಡ ಮಾಡಿದೆ ಎಂದೆ. ಅವರು ಇನ್ನೊಂದು ಚೂರು ತೆಗೆದುಕೊಂಡು ಹೋದರು.

ಇಲ್ಲಿಗೇ ನಿಲ್ಲಿಸಿದ್ದರೆ ಮರ್ಯಾದೆಯಾಗಿ ಇರುತ್ತಿದ್ದೆ. ಕನ್ನಡದಲ್ಲಿ ಸಹಾಯಪುಟವೇ ಇಲ್ಲವೆಂದು ಕಂಡು, ಅದನ್ನು ನಾನೇ ಬರೆಯುತ್ತೇನೆ ಎಂದು ಮಾರ್ತಾಳಿಗೆ ಮಾತು ಕೊಟ್ಟೆ. ನನ್ನ ಕನ್ನಡದ ಬಗ್ಗೆ ನನಗೆ ಮೊದಲಿನಿಂದಲೂ ಬಹಳ ಗೌರವ. ಒಂದು ತಿಂಗಳು ಕೂತು, ಗಣಕಯಂತ್ರ, ತಂತ್ರಾಂಶ, ತದನಂತರ, ಅದುಮತಕ್ಕದ್ದು ಎಂದು ತೂಕದ ಮಾತುಗಳನ್ನೇ ಆರಿಸಿ ಆರಿಸಿ ಇಟ್ಟೆ. ಮೌಸ್ ಎಂಬುದಕ್ಕೆ ಮೂಷಿಕ ಎಂದು ಬರೆದಾಗ ಸ್ವತಃ ನನಗೇ ರೋಮಾಂಚನವಾಯಿತು. ಕನ್ನಡ ಬಾರದ ಮಾರ್ತಾ ಒಂದೇ ಪ್ರಶ್ನೆ ಕೇಳಿದಳು. ಇದನ್ನು ಮೊದಲ ಸಲ ಓದುವ ಯಾರಾದರೂ ನಿಮ್ಮೆದುರಿಗೆ ಕೂತು, ಹೇಳಿದ ಹಾಗೆ ಮಾಡಿ ನೋಡಿದ್ದಾರೆಯೇ? ಮಾಡಿಸಿ. ಅವರು ಮಾಡುವಾಗ ನೀವು ಬಾಯಿ ತೆರೆಯಬಾರದು, ಎಲ್ಲಿ ತಡವರಿಸುತ್ತಾರೆ ಎಂದು ಬರೆದುಕೊಳ್ಳಬೇಕು.

ನನಗೆ ತಕ್ಷಣ ನೆನಪಾದವರು ಸಾಕಮ್ಮ. ಅಕ್ಕೂರಿನ ಕಡೆಯ ಒಂದು ಹಳ್ಳಿಯಲ್ಲಿ ಒಂದೇ ಕೋಣೆಯ ಗ್ರಂಥಾಲಯ ನೋಡಿಕೊಳ್ಳುವವರು. ವಯಸ್ಸು ನಲವತ್ತೈದರ ಮೇಲೆ, ಓದಿದ್ದು ಎಸ್ಸೆಸ್ಸೆಲ್ಸಿ, ಮನೆಯಲ್ಲಿ ರೇಷ್ಮೆ ಹುಳು ಸಾಕಣೆ. ಅವರ ಗ್ರಂಥಾಲಯಕ್ಕೆ ಯಾರೋ ದಾನಿಗಳು ಕಂಪ್ಯೂಟರ್ ಕೊಟ್ಟು, ಇದೇ ಸಾಫ್ಟ್‌ವೇರ್ ಹಾಕಿಸಿದ್ದರು. ಅಂದಿನಿಂದ ಅವರ ನೆಮ್ಮದಿ ಹೋಗಿತ್ತು. ಕಂಪ್ಯೂಟರ್ ಬರದವರನ್ನು ಇಟ್ಟುಕೊಂಡು ಏನು ಮಾಡುವುದು, ಆ ಕೆಲಸ ಬೇರೆಯವರಿಗೆ ಕೊಡಿ ಎಂದು ಊರಲ್ಲಿ ಒಂದಿಬ್ಬರು ಮಾತೆತ್ತಿದ್ದರು. ಹದಿನಾಲ್ಕು ವರ್ಷದಿಂದ ಆ ಕೋಣೆಯ ಕಸ ಗುಡಿಸಿ, ಹರಿದ ಪುಸ್ತಕಗಳಿಗೆ ಅಂಟು ಹಾಕಿ, ಯಾವ ಪುಸ್ತಕ ಯಾರ ಮನೆಯ ಅಟ್ಟದ ಮೇಲಿದೆ ಎಂಬುದನ್ನೂ ಬಲ್ಲ ಹೆಂಗಸು ಅವರು. ಸಹಾಯ ಕೇಳಿ ಒಮ್ಮೆ ನಮ್ಮ ಕಾಲೇಜಿಗೂ ಬಂದಿದ್ದರು. ನನ್ನ ಪುಟ ಸಿದ್ಧವಾಗಲಿ, ನಿಮ್ಮ ಕಷ್ಟವೆಲ್ಲ ತೀರುತ್ತದೆ ಎಂದು ಆಗ ದೊಡ್ಡ ಮನುಷ್ಯನ ಹಾಗೆ ಹೇಳಿ ಕಳಿಸಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಪುಟವನ್ನು ಅಚ್ಚು ಹಾಕಿಸಿದ ಹಾಳೆಗಳನ್ನು ಅವರ ಕೈಗೆ ಕೊಟ್ಟು, ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತೆ. ಸಾಕಮ್ಮ ಕಣ್ಣಿಗೊತ್ತಿಕೊಂಡು ಓದತೊಡಗಿದರು. ಅಧಿಕೃತ ಬಳಕೆದಾರರು ಮಾತ್ರ ಪ್ರವೇಶಿಸತಕ್ಕದ್ದು ಎಂಬುದು ಮೊದಲ ಸಾಲು. ಅದನ್ನು ಎರಡು ಸಲ ಓದಿ ಹಾಳೆ ಕೆಳಗಿಟ್ಟರು.

“ಅಂಗಾರೆ ಇದು ನನಗಲ್ಲ ಸಾರ್. ನಂದಿನ್ನೂ ಪರ್ಮನೆಂಟ್ ಆಗಿಲ್ಲ” ಎಂದರು.

ಬಾಯಿ ತೆರೆಯಬಾರದೆಂಬ ನಿಯಮ ಮೊದಲ ಸಾಲಿಗೇ ಮುರಿಯಿತು. ನೀವೇ ಅಧಿಕೃತರು ಎಂದು ಸಮಾಧಾನ ಹೇಳಿ ಕೂರಿಸಿ, ಇನ್ನು ಏನೇ ಆದರೂ ಮಾತಾಡುವುದಿಲ್ಲ ಎಂದು ನಿರ್ಧರಿಸಿದೆ. ಆಮೇಲೆ ಅವರು ಒಂದೊಂದೇ ಬೆರಳಿನಲ್ಲಿ ಪುಸ್ತಕದ ಹೆಸರು, ಬರೆದವರ ಹೆಸರು ಸೇರಿಸುತ್ತಾ ಹೋದರು. ಎರಡು ಗಂಟೆಯಲ್ಲಿ ಮೂವತ್ತು ಪುಸ್ತಕ. ಹಣೆ ಬೆವರುತ್ತಿತ್ತು, ಆದರೆ ಮುಖದಲ್ಲಿ ಒಂದು ನಗು ಬಂದಿತ್ತು. ಕೊನೆಯ ಸಾಲಿಗೆ ಬಂದರು. ತದನಂತರ ಗುಂಡಿಯನ್ನು ಅದುಮತಕ್ಕದ್ದು. ಸಾಕಮ್ಮ ಪರದೆ ನೋಡಿದರು, ಮೇಜು ನೋಡಿದರು. ಆ ಕೋಣೆಯಲ್ಲಿ ಗುಂಡಿ ಎಂದು ಕರೆಯಬಹುದಾದದ್ದು ಒಂದೇ, ಕಂಪ್ಯೂಟರಿನ ಡಬ್ಬದ ಮೇಲಿದ್ದದ್ದು. ಅವರ ಕೈ ಅತ್ತ ಹೋಗುವುದು ನನಗೆ ಕಂಡಿತು. ನಿಯಮ ನೆನಪಾಗಿ ಸುಮ್ಮನಿದ್ದೆ. ಅವರು ಗಟ್ಟಿಯಾಗಿ ಅದುಮಿದರು. ಪರದೆ ಕಪ್ಪಾಯಿತು. ಮತ್ತೆ ಹಾಕಿದಾಗ ಮೂವತ್ತರಲ್ಲಿ ಒಂದು ಪುಸ್ತಕವೂ ಇರಲಿಲ್ಲ.

ಸಾಕಮ್ಮ ಅಳಲಿಲ್ಲ. ಸೆರಗಿನಿಂದ ಕೀಲಿಮಣೆಯ ಧೂಳು ಒರೆಸಿ, ಅದರ ಮೇಲೆ ಹೂವಿನ ಚಿತ್ರದ ಬಟ್ಟೆ ಹೊದಿಸಿ, ಕೈ ಕಟ್ಟಿ ಕೂತರು.

“ನನ್ ಕೈಲಾಗಕಿಲ್ಲ ಬುಡಿ ಸಾರ್. ಅವರು ಹೇಳದೇ ಸರಿ ಐತೆ. ನಿಮ್ಮಂಗೆ ಓದಿರೋರಿಗೆ ಕೊಟ್ಬುಡಲಿ” ಎಂದರು.

ನನ್ನ ನೋಟ್‌ಬುಕ್ಕು ಖಾಲಿಯಿತ್ತು. ತೂಕದ ಪದ ಒಂದೊಂದನ್ನೂ ಆರಿಸುವಾಗ, ಓದಿದವರು ನನ್ನನ್ನು ಮೆಚ್ಚಬೇಕೆಂದು ಯೋಚಿಸಿದ್ದೆನೇ ಹೊರತು ಅವರ ಕೈ ಎಲ್ಲಿಗೆ ಹೋಗುತ್ತದೆ ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ತಪ್ಪು ನಿಮ್ಮದಲ್ಲ, ಬರೆದವನದು ಎಂದು ಹೇಳಿದೆ. ಆ ವಾಕ್ಯ ನನ್ನ ಬಾಯಿಗೆ ಹೊಸದು, ಹೇಳುವಾಗ ನಾಲಿಗೆ ಸ್ವಲ್ಪ ತೊಡರಿತು.

ಸಾಕಮ್ಮನಿಗೆ ನನ್ನನ್ನು ಕಂಡು ಕನಿಕರವಾಯಿತೋ ಏನೋ, ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು ಮಾತಿಗೆ ಶುರುಮಾಡಿದರು. ಅವರ ಮನೆಗೆ ಹೊಸದಾಗಿ ಬಂದ ಸೊಸೆ ಪೇಟೆಯವಳು, ಹುಳು ಕಂಡವಳಲ್ಲ. ಎಲೆ ಹಾಕು ಎಂದು ಹೇಳಿ ಇವರು ಗ್ರಂಥಾಲಯಕ್ಕೆ ಬಂದರಂತೆ. ಹುಳುಗಳು ಆಗ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಪೊರೆ ಬಿಡುವ ಹೊತ್ತು, ಆಗ ಅವಕ್ಕೆ ಎಲೆ ಹಾಕಬಾರದು. ಆ ಹುಡುಗಿ ಪಾಪ, ಹೇಳಿದ ಹಾಗೆಯೇ ತಟ್ಟೆ ತುಂಬ ಹಾಕಿದ್ದಳು.

“ಅವಳ್ನ ಬೈಲಿಲ್ಲ ಸಾರ್ ನಾನು. ಹೇಳಿಕೊಟ್ಟೋಳು ನಾನು ತಾನೇ. ಏನ್ ಮಾಡ್ಬೇಕು ಅಂತ ಹೇಳುದ್ರೆ ಸಾಲ್ದು, ಹೆಂಗ್ ಕಂಡ್ರೆ ಮಾಡ್ಬೇಕು, ಆದ್ಮೇಲೆ ಹೆಂಗ್ ಕಾಣ್ತದೆ ಅಂತಾನೂ ಹೇಳ್ಬೇಕು. ಹುಳ ತಲೆ ಎತ್ಕಂಡು ಸುಮ್ನೆ ಕೂತಿದ್ರೆ ಎಲೆ ಹಾಕ್ಬೇಡ ಅಂದೆ. ಈಗ ನನಗಿಂತ ಚೆಂದಾಗಿ ಮಾಡ್ತಾಳೆ.”

ಖಾಲಿ ನೋಟ್‌ಬುಕ್ಕಿನಲ್ಲಿ ಮೊದಲು ಬರೆದುಕೊಂಡದ್ದು ಇದನ್ನು. ಅಂದಿನಿಂದ ಆರು ಭಾನುವಾರ ಆ ಕೋಣೆಯಲ್ಲಿ ಕೂತು ಪುಟವನ್ನು ಹೊಸದಾಗಿ ಬರೆದೆವು. ಅವರು ಮಾಡುತ್ತಾ ಹೇಳುವುದು, ನಾನು ಬರೆಯುವುದು. ಮೂಷಿಕ ಓಡಿಹೋಗಿ ಮೌಸ್ ಬಂತು. ಗುಂಡಿ ಹೋಗಿ, ಪರದೆಯ ಮೇಲೆ ಸೇವ್ ಎಂದು ಬರೆದಿರುವ ನೀಲಿ ಚೌಕ ಬಂತು. ಹತ್ತು ಪುಸ್ತಕವಾದ ಕೂಡಲೇ ಅದನ್ನು ಒತ್ತಿ, ಮೇಲೆ ಹಸಿರು ಪಟ್ಟಿ ಕಂಡರೆ ಪುಸ್ತಕ ಸೇರಿತು ಎಂದು ತಿಳಿಯಿರಿ ಎಂದು ಬರೆದೆವು. ಹಸಿರು ಪಟ್ಟಿ ಬಾರದಿದ್ದರೆ ಗಾಬರಿ ಬೀಳಬೇಡಿ, ಇನ್ನೊಂದು ಸಲ ಒತ್ತಿ ಎಂದು ಹಾಕಿ ಎಂದರು ಸಾಕಮ್ಮ. ಇಂಥ ಬರವಣಿಗೆಯಲ್ಲಿ ಗಾಬರಿ ಗೀಬರಿ ಎಂದೆಲ್ಲ ಹಾಕುವ ಪದ್ಧತಿಯಿಲ್ಲ ಎಂದು ನಾನು ತಕರಾರು ತೆಗೆದೆ. ಗಾಬರಿ ಆಗುವುದು ಉಂಟಲ್ಲ ಎಂದರು ಅವರು. ಉಂಟು ಎಂದು ಹಾಕಿದೆ. ಆ ಸಾಲಿನ ಅರ್ಥವೇನೆಂದು ಮಾರ್ತಾ ಕೇಳಿದಳು. ಇಂಗ್ಲಿಷಿನಲ್ಲಿ ತಿಳಿಸಿದ ಮರುವಾರ ನೋಡಿದರೆ ಅದು ಅವರ ಮೂಲಪುಟದಲ್ಲೂ ಸೇರಿತ್ತು. ಎಡ ಎಂಬ ನನ್ನ ಒಂದು ಪದವಿದ್ದ ಪುಟದಲ್ಲಿ ಈಗ ಸಾಕಮ್ಮನದು ಒಂದು ಇಡೀ ವಾಕ್ಯ.

ಕೊಡುಗೆ ನೀಡಿದವರ ಪಟ್ಟಿಯಲ್ಲಿ ಅವರ ಹೆಸರನ್ನೂ ಸೇರಿಸಿ ತೋರಿಸಿದೆ. ಸಾಕಮ್ಮ ಪರದೆಯ ಹತ್ತಿರಕ್ಕೆ ಬಗ್ಗಿ, ಹಿಂದೆ ಮುಂದೆ ಇದ್ದ ಪರದೇಶದ ಹೆಸರುಗಳನ್ನು ಬಿಟ್ಟು ತಮ್ಮದೊಂದನ್ನು ಬೆರಳಿಟ್ಟು ಓದಿ, ಸೊಸೆಯನ್ನು ಕರೆಸಿ ಅವಳಿಂದಲೂ ಓದಿಸಿದರು. ಎರಡು ತಿಂಗಳಲ್ಲಿ ಅವರ ಪುಸ್ತಕಗಳೆಲ್ಲ ಕಂಪ್ಯೂಟರಿಗೆ ಸೇರಿದವು. ಕೆಲಸ ಬೇರೆಯವರಿಗೆ ಕೊಡಿ ಎಂದವರು ಈಗ ತಮ್ಮ ಹೆಸರಿನಲ್ಲಿ ಯಾವ ಪುಸ್ತಕ ಬಾಕಿಯಿದೆ ಎಂದು ತಿಳಿಯುವ ಭಯಕ್ಕೆ ಆ ರಸ್ತೆಯಲ್ಲಿ ಓಡಾಡುವುದಿಲ್ಲವಂತೆ.

ಸುತ್ತಲಿನ ಹಳ್ಳಿಗಳ ಇನ್ನೂ ನಾಲ್ಕಾರು ಗ್ರಂಥಾಲಯದವರು ಈಗ ಈ ಸಾಫ್ಟ್‌ವೇರ್ ಬಳಸುತ್ತಾರೆ. ಅವರೆಲ್ಲರಿಗೂ ನಮ್ಮ ಪುಟದ ವಿಳಾಸ ಕೊಟ್ಟಿದ್ದೇನೆ. ಅವರು ಪುಟ ತೆರೆಯುವುದಿಲ್ಲ, ಸಾಕಮ್ಮನಿಗೆ ಫೋನ್ ಮಾಡುತ್ತಾರೆ. ಇಷ್ಟು ಕಷ್ಟಪಟ್ಟು ಬರೆದದ್ದನ್ನು ಜನ ಕಣ್ಣೆತ್ತಿ ನೋಡುವುದಿಲ್ಲವಲ್ಲ ಎಂದು ನಾನು ಮಾರ್ತಾಳಿಗೆ ಬಹಳ ನೊಂದು ಬರೆದೆ. ಎಲ್ಲ ದೇಶದಲ್ಲೂ ಹಾಗೆಯೇ ಎಂದು ಅವಳು ಸಮಾಧಾನ ಹೇಳಿದಳು.

ಹೋದ ವಾರ ನಮ್ಮ ಕಾಲೇಜಿನಲ್ಲಿ ಒಂದೇ ಪುಸ್ತಕ ಎರಡು ಸಲ ಸೇರಿಹೋಗಿತ್ತು. ಒಂದನ್ನು ತೆಗೆಯುವುದು ಹೇಗೆಂದು ಹೊಳೆಯಲಿಲ್ಲ. ಸ್ವಲ್ಪ ಹೊತ್ತು ಪರದೆ ನೋಡಿ, ಫೋನ್ ಕೈಗೆತ್ತಿಕೊಂಡೆ.

“ಅದು ನಮ್ ಪುಟದಾಗೇ ಐತಲ್ಲ ಸಾರ್” ಎಂದರು ಸಾಕಮ್ಮ. “ಆರನೇದು. ನೀವೇ ಬರ್ದಿದ್ದು.”

“ಗೊತ್ತು ಸಾಕಮ್ಮನೋರೇ” ಎಂದೆ. “ಅದನ್ನೆಲ್ಲ ಈಗ ಯಾರು ಓದ್ತಾ ಕೂರ್ತಾರೆ, ಒಸಿ ನೀವೇ ಹೇಳಿಬಿಡಿ.”